ಲಾಬ್‌ಸ್ಟರ್: ತೀರವನ್ನೂ ತಿಂಗಳನ್ನೂ ನೋಡಿ ಕೊಳ್ಳುವ ಬಗೆ

ಬಾಸ್ಟನ್ನಿನಲ್ಲಾಗಲಿ ಟೊರಾಂಟೊದಲ್ಲಾಗಲಿ ನೆಲೆಸಿರುವ ನಮ್ಮವರು ಮೀನಿನ ಅಂಗಡಿಗೆ ಹೋಗಿ, ನೀರಿನ ತೊಟ್ಟಿಯಲ್ಲಿ ಒಂದರ ಮೇಲೊಂದು ಹತ್ತಿ ಇಳಿಯುತ್ತಿರುವ ಲಾಬ್‌ಸ್ಟರುಗಳ ಮುಂದೆ ನಿಂತಾಗ, ಒಂದು ತೊಟ್ಟಿಗೆ ‘ಮೇನ್’ ಎಂದೂ ಇನ್ನೊಂದಕ್ಕೆ ‘ನೋವಾ ಸ್ಕೋಷಿಯಾ’ ಎಂದೂ ಫಲಕ ಹಾಕಿರುವುದನ್ನು ಕಂಡು, ಇವೆರಡರಲ್ಲಿ ಉತ್ತಮವಾದುದು ಯಾವುದೆಂಬ ಸಂದೇಹಕ್ಕೆ ಒಳಗಾಗುವುದು ಸಹಜ. ವಾಸ್ತವವಾಗಿ ಎರಡು ತೀರಗಳ ಪ್ರಾಣಿಯೂ ಒಂದೇ ಜಾತಿಯದು. ಪ್ರಾಣಿಶಾಸ್ತ್ರಜ್ಞರು ಅದನ್ನು ಹೋಮಾರಸ್ ಅಮೆರಿಕಾನಸ್ ಎಂದು ಕರೆಯುತ್ತಾರೆ. ಹೀಗಿದ್ದರೂ ಒಂದು ತೊಟ್ಟಿಯದರ ಮಾಂಸವು ತುಂಬಿ ಬಿಗಿಯಾಗಿರುವುದೂ ಇನ್ನೊಂದರದು ಮೆದುವಾಗಿ, ಚಿಪ್ಪು ಒಡೆದೊಡನೆ ನೀರು ಸುರಿಯುವುದೂ ಅನೇಕರ ಅನುಭವಕ್ಕೆ ಬಂದ ಸಂಗತಿಯೇ ಆಗಿದೆ. ಈ ಭೇದಕ್ಕೆ ಮುಖ್ಯ ಕಾರಣವೆಂದರೆ, ಆ ಪ್ರಾಣಿಯು ತನ್ನ ಹಳೆಯ ಚಿಪ್ಪನ್ನು ಕಳಚಿ ಎಷ್ಟು ಕಾಲವಾದ ಮೇಲೆ ಬೋನಿಗೆ ಬಿದ್ದಿತೆಂಬುದು. ಆ ಕಾಲವನ್ನು ಬಹುಮಟ್ಟಿಗೆ ನಿರ್ಣಯಿಸುವುದು ಆಯಾ ಪ್ರದೇಶದಲ್ಲಿ ಸರಕಾರವು ಗೊತ್ತುಪಡಿಸಿರುವ ಹಿಡಿಯುವ ಋತು. ಇದಿಷ್ಟನ್ನು ಅರಿತವನು ಫಲಕವನ್ನು ನಂಬಿ ಮೋಸಹೋಗಬೇಕಾಗಿಲ್ಲ.

ಮೊದಲ ಹೆಜ್ಜೆ: ಚಿಪ್ಪಿನ ವೃತ್ತಾಂತವನ್ನು ತಿಳಿಯುವುದು

ಲಾಬ್‌ಸ್ಟರಿನ ಚಿಪ್ಪು ಬೆಳೆಯದು. ಆದುದರಿಂದ ಒಳಗಿನ ದೇಹ ಬೆಳೆಯಬೇಕಾದಾಗ ಅದು ಹಾವಿನಂತೆ ಪೊರೆ ಬಿಡಬೇಕಾಗುತ್ತದೆ. ಪೊರೆ ಬಿಡುವುದಕ್ಕೆ ಮುನ್ನ ಕೊಂಡಿಗಳೊಳಗಿನ ಮಾಂಸವು ಕ್ಷೀಣಿಸುತ್ತದೆ. ಹಾಗೆ ಕ್ಷೀಣಿಸದಿದ್ದರೆ ಅಷ್ಟು ದಪ್ಪನೆಯ ಕೊಂಡಿಯನ್ನು ಅಷ್ಟು ಕಿರಿದಾದ ಕೀಲಿನ ಮೂಲಕ ಹೊರಕ್ಕೆಳೆದುಕೊಳ್ಳುವುದು ಅಸಾಧ್ಯವಾಗುತ್ತಿತ್ತು. ಹೊರಬಂದ ಮೃದುಶರೀರವು ಸಮುದ್ರದ ನೀರನ್ನು ಹೀರಿ ಉಬ್ಬಿ, ಆ ಉಬ್ಬಿದ ಅಳತೆಗೆ ಹೊಸ ಚಿಪ್ಪು ನಿಧಾನವಾಗಿ ಗಟ್ಟಿಯಾಗುತ್ತದೆ. ಆ ದಿನಗಳಲ್ಲಿ ಅದು ಅಣ್ಣನ ಅಂಗಿಯನ್ನು ತೊಟ್ಟ ಬಾಲಕನಂತೆ, ತನಗಿಂತ ದೊಡ್ಡದಾದ ಕವಚದೊಳಗೆ ಸಡಿಲವಾಗಿ ಇರುತ್ತದೆ. ನಡುವಣ ತೆರಪನ್ನು ತುಂಬಿರುವುದು ನೀರು. ಅದು ಚೆನ್ನಾಗಿ ತಿಂದು, ಆ ತೆರಪೆಲ್ಲವೂ ಮಾಂಸದಿಂದ ತುಂಬಿ, ಚಿಪ್ಪು ಕಲ್ಲಿನಂತಾಗಲು ಕೆಲವು ತಿಂಗಳುಗಳೇ ಬೇಕು.

ಇದರಿಂದ ಕೊಳ್ಳುವವನಿಗೆ ಒದಗುವ ಲೆಕ್ಕ ಸರಳವಾದುದು. ಗಟ್ಟಿ ಚಿಪ್ಪಿನ ಲಾಬ್‌ಸ್ಟರಿನಲ್ಲಿ ಬೇಯಿಸಿ ಬಿಡಿಸಿದ ಮಾಂಸವು ದೇಹದ ತೂಕದ ಸುಮಾರು ನಾಲ್ಕನೆಯ ಒಂದು ಭಾಗದಷ್ಟು ದೊರೆತರೆ, ಹೊಸ ಚಿಪ್ಪಿನದರಲ್ಲಿ ಸುಮಾರು ಆರನೆಯ ಒಂದು ಭಾಗ ಮಾತ್ರ ದೊರೆಯುತ್ತದೆ. ಗಟ್ಟಿಯದು ಪೌಂಡಿಗೆ 12 ಡಾಲರ್, ಮೆದುವಾದುದು 9 ಡಾಲರ್ ಎಂದಿಟ್ಟುಕೊಂಡರೆ, ಒಂದು ಪೌಂಡ್ ಮಾಂಸಕ್ಕೆ ಮೊದಲನೆಯದರಲ್ಲಿ 48 ಡಾಲರ್ ಆದರೆ ಎರಡನೆಯದರಲ್ಲಿ 54 ಡಾಲರ್ ತಗಲುತ್ತದೆ. ಅಗ್ಗವೆಂದು ತೋರಿದುದೇ ದುಬಾರಿಯಾಯಿತು. ಆದರೆ ರುಚಿಯ ವಿಷಯದಲ್ಲಿ ಇದನ್ನೇ ಹೇಳಲಾಗದು. ಹೊಸ ಚಿಪ್ಪಿನ ಲಾಬ್‌ಸ್ಟರಿನ ಮಾಂಸವು ಕೋಮಲವೂ ಹೆಚ್ಚು ಸಿಹಿಯೂ ಆದುದೆಂದು ಮೇನ್ ತೀರದ ಜನ ಅದನ್ನೇ ಬಯಸಿ ತಿನ್ನುತ್ತಾರೆ. ಅದನ್ನು ಬರಿಯ ಕೈಯಿಂದಲೇ ಮುರಿದು ಬಿಡಿಸಬಹುದೆಂಬುದೂ ಒಂದು ಅನುಕೂಲ. ನನ್ನ ಅಭಿಪ್ರಾಯದಲ್ಲಿ, ಬಂದರಿನ ಸಮೀಪದಲ್ಲಿದ್ದು ಅಂದೇ ಬೇಯಿಸುವವರಿಗೆ ಹೊಸ ಚಿಪ್ಪಿನದು ಶ್ರೇಷ್ಠ; ದೂರದ ಊರಿಗೆ ತರಿಸಿಕೊಳ್ಳುವವರಿಗೆ ಗಟ್ಟಿ ಚಿಪ್ಪಿನದಲ್ಲದೆ ಬೇರೆ ಗತಿಯಿಲ್ಲ, ಏಕೆಂದರೆ ಮೆದು ಚಿಪ್ಪಿನ ಪ್ರಾಣಿಯು ಪ್ರಯಾಣದ ಆಯಾಸವನ್ನು ತಾಳಲಾರದು.

ಎರಡನೆಯ ಹೆಜ್ಜೆ: ಯಾವ ತೀರ, ಯಾವ ತಿಂಗಳು

ಮೇನ್ ಸಂಸ್ಥಾನದಲ್ಲಿ ವರ್ಷವಿಡೀ ಬೋನು ಹಾಕಲು ಅನುಮತಿಯುಂಟು. ಒಬ್ಬ ಪರವಾನಗಿದಾರ ಹೆಚ್ಚೆಂದರೆ 800 ಬೋನುಗಳನ್ನು ಇಡಬಹುದು. ಆದರೆ ಬೇಸಗೆಯಲ್ಲಿ ನೀರು ಬೆಚ್ಚಗಾಗಿ, ಜೂನ್ ಕೊನೆಯಿಂದ ಪೊರೆ ಬಿಡುವ ಕಾರ್ಯ ಮೊದಲಾಗಿ, ಹಸಿದ ಪ್ರಾಣಿಗಳು ಬೋನಿನ ಮೇವಿಗೆ ಮುತ್ತುವುದರಿಂದ, ಅಲ್ಲಿಯ ಉತ್ಪತ್ತಿಯ ಬಹುಭಾಗ ಜುಲೈಯಿಂದ ನವೆಂಬರಿನೊಳಗೆ ದಡ ಸೇರುತ್ತದೆ. ಆದಕಾರಣ ಆಗಸ್ಟಿನ ಮೇನ್ ಲಾಬ್‌ಸ್ಟರ್ ಎಂದರೆ ಪ್ರಾಯಶಃ ಹೊಸ ಚಿಪ್ಪಿನದು. ಅದೇ ಮೇನ್ ತೀರದಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಹಿಡಿದುದು, ಚಳಿಗಾಲವನ್ನೆಲ್ಲ ಹಳೆಯ ಚಿಪ್ಪಿನಲ್ಲಿಯೇ ಕಳೆದುದಾದುದರಿಂದ, ಕೆನಡಾದ ಯಾವ ಲಾಬ್‌ಸ್ಟರಿಗೂ ಗಟ್ಟಿತನದಲ್ಲಿ ಕಡಿಮೆಯಲ್ಲ.

ಕೆನಡಾದ ಪದ್ಧತಿ ಇದಕ್ಕಿಂತ ಭಿನ್ನವಾದುದು. ಅಲ್ಲಿ ಸಮುದ್ರವನ್ನು ನಲವತ್ತರಷ್ಟು ಲಾಬ್‌ಸ್ಟರ್ ಪ್ರದೇಶಗಳಾಗಿ ವಿಭಾಗಿಸಿ, ಪ್ರತಿಯೊಂದಕ್ಕೂ ಒಂದು ಋತುವನ್ನು ನಿಗದಿಪಡಿಸಿದ್ದಾರೆ. ನೋವಾ ಸ್ಕೋಷಿಯಾದ ನೈಋತ್ಯ ತೀರಕ್ಕೆ ಸೇರಿದ 33 ಮತ್ತು 34ನೆಯ ಪ್ರದೇಶಗಳಲ್ಲಿ, ಹವಾಮಾನ ಒಪ್ಪಿದರೆ, ನವೆಂಬರಿನ ಕೊನೆಯ ಸೋಮವಾರ ಬೆಳಗಿನ ಜಾವದಲ್ಲಿ ನೂರಾರು ದೋಣಿಗಳು ಎದೆಯೆತ್ತರಕ್ಕೆ ಬೋನುಗಳನ್ನು ಪೇರಿಸಿಕೊಂಡು ಹೊರಡುತ್ತವೆ. ಮೇ ತಿಂಗಳ ಕೊನೆಗೆ ಋತು ಮುಗಿಯುತ್ತದೆ. ಬೇಸಗೆಯಲ್ಲಿ ಪೊರೆ ಬಿಟ್ಟ ಪ್ರಾಣಿಗೆ ಋತು ಆರಂಭವಾಗುವಷ್ಟರಲ್ಲಿ ಮಾಂಸ ತುಂಬಿಕೊಳ್ಳಲು ಅವಕಾಶ ದೊರೆತಿರುತ್ತದೆ. ಹಿಮಗಾಳಿಯ ಸಮುದ್ರಕ್ಕೆ ಜೀವವನ್ನು ಒಡ್ಡಿ ಹೋಗುವ ಆ ಬೆಸ್ತರ ಶ್ರಮದ ಫಲವಾಗಿಯೇ ಕೆನಡಾದ ಲಾಬ್‌ಸ್ಟರ್ ಗಟ್ಟಿಯದೆಂಬ ಕೀರ್ತಿ ಹಬ್ಬಿರುವುದು. ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಾದರೋ ಹೆಪ್ಪುಗಟ್ಟಿದ ನೀರು ಕರಗಿದ ಮೇಲೆ, ಏಪ್ರಿಲ್ ಕೊನೆಯಿಂದ ಜೂನ್ ಕೊನೆಯವರೆಗೆ ವಸಂತದ ಋತು. ದ್ವೀಪದ ಪಶ್ಚಿಮ ಭಾಗದ ಜಲಸಂಧಿಯಲ್ಲಿ ಆಗಸ್ಟಿನಿಂದ ಅಕ್ಟೋಬರಿನವರೆಗೆ ಇನ್ನೊಂದು. ದ್ವೀಪದ ಸುತ್ತಣ ನೀರು ಬೇಸಗೆಯಲ್ಲಿ ಚೆನ್ನಾಗಿ ಬೆಚ್ಚಗಾಗುವುದರಿಂದ ಪ್ರಾಣಿಗಳು ಬೇಗನೆ ಪ್ರೌಢಾವಸ್ಥೆಗೆ ಬರುತ್ತವೆ. ಆದುದರಿಂದ ಅಲ್ಲಿ ಕಾನೂನು ಚಿಕ್ಕ ಗಾತ್ರದವನ್ನೂ ಹಿಡಿಯಗೊಡುತ್ತದೆ. ಒಂದು ಪೌಂಡಿಗೂ ಕಡಿಮೆ ತೂಗುವ ಲಾಬ್‌ಸ್ಟರ್ ಅಂಗಡಿಯಲ್ಲಿ ಕಂಡರೆ ಅದು ಹೆಚ್ಚಾಗಿ ಆ ಕಡೆಯದು.

ದಕ್ಷಿಣಕ್ಕೆ ಸರಿದಂತೆ ಚಿತ್ರ ವಿಷಾದಕರವಾಗುತ್ತದೆ. ಲಾಂಗ್ ಐಲೆಂಡ್ ಖಾರಿಯಲ್ಲಿ 1999ರಲ್ಲಿ ಲಾಬ್‌ಸ್ಟರುಗಳು ರಾಶಿರಾಶಿಯಾಗಿ ಸತ್ತವು; ಅಲ್ಲಿಯ ಮೀನುಗಾರಿಕೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ನೀರು ಕಾದಷ್ಟೂ ಚಿಪ್ಪಿನ ಮೇಲೆ ಹುಣ್ಣಿನಂತೆ ಗುಳಿ ಬೀಳುವ ರೋಗವು ಆ ಭಾಗದಲ್ಲಿ ಹೆಚ್ಚುತ್ತದೆ. ಮಾಂಸಕ್ಕೆ ಅದರಿಂದ ಕೇಡಿಲ್ಲವಾದರೂ ಅಂತಹವು ಜೀವಂತವಾಗಿ ಮಾರಾಟವಾಗುವುದು ಕಷ್ಟ.

ಹೆಪ್ಪುಗಟ್ಟಿಸಿದ ಬಾಲವನ್ನಷ್ಟೇ ಕೊಳ್ಳುವವರು ಒಂದು ಸಂಗತಿಯನ್ನು ಗಮನದಲ್ಲಿಡತಕ್ಕದ್ದು. ಕೆರಿಬಿಯನ್ ಸಮುದ್ರದಿಂದ ಬರುವ ಬಾಲಗಳು ಕೊಂಡಿಯಿಲ್ಲದ ಮುಳ್ಳು ಲಾಬ್‌ಸ್ಟರಿನವು. ಹೊಂಡುರಾಸ್ ಮತ್ತು ನಿಕರಾಗುವಾ ತೀರಗಳಲ್ಲಿ ಮಿಸ್ಕಿಟೊ ಜನಾಂಗದ ಮುಳುಗುಗಾರರು ಸಾಕಷ್ಟು ಸಲಕರಣೆಯಿಲ್ಲದೆ ದಿನವಿಡೀ ಆಳಕ್ಕಿಳಿದು ಮೇಲೇರಿ, ರಕ್ತದಲ್ಲಿ ವಾಯುಗುಳ್ಳೆಗಳು ಸೇರಿ, ನೂರಾರು ಮಂದಿ ಪಾರ್ಶ್ವವಾಯು ಪೀಡಿತರಾಗಿದ್ದಾರೆ. 2021ರಲ್ಲಿ ಅಮೆರಿಕಾ ಖಂಡಗಳ ಮಾನವಹಕ್ಕು ನ್ಯಾಯಾಲಯವು ಈ ವಿಷಯದಲ್ಲಿ ಹೊಂಡುರಾಸ್ ಸರಕಾರವನ್ನು ಹೊಣೆಯಾಗಿಸಿ ತೀರ್ಪು ನೀಡಿತು. ಬೋನಿನಲ್ಲಿ ಹಿಡಿದುದೇ ಎಂದು ವಿಚಾರಿಸಿ ಕೊಳ್ಳುವುದು ನಮ್ಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಮೂರನೆಯ ಹೆಜ್ಜೆ: ಕೈಯಿಂದ ಪರೀಕ್ಷೆ

ಪ್ರಾಣಿಯನ್ನು ಬೆನ್ನಿನ ಕಡೆಯಿಂದ ಹಿಡಿದು ಮೇಲೆತ್ತಿಸಿರಿ. ಚೈತನ್ಯವುಳ್ಳದ್ದಾದರೆ ಕೊಂಡಿಗಳನ್ನು ಅಗಲಿಸಿ ಮೇಲಕ್ಕೆತ್ತುವುದು, ಬಾಲವನ್ನು ಹೊಟ್ಟೆಯ ಕಡೆಗೆ ಪಟಪಟನೆ ಬಡಿಯುವುದು. ಕೊಂಡಿಗಳು ಜೋತುಬಿದ್ದರೆ ಅದನ್ನು ಬಿಡುವುದೇ ಲೇಸು. ಬಳಿಕ ತಲೆಯ ಹಿಂದಣ ಚಿಪ್ಪಿನ ಎರಡು ಪಕ್ಕಗಳನ್ನು ಹೆಬ್ಬೆರಳಿನಿಂದಲೂ ತೋರುಬೆರಳಿನಿಂದಲೂ ಮೆಲ್ಲನೆ ಒತ್ತಿರಿ: ಒಳಕ್ಕೆ ಬಾಗಿದರೆ ಹೊಸ ಚಿಪ್ಪು, ಬಾಗದಿದ್ದರೆ ಗಟ್ಟಿ. ಕಣ್ಣಿಗೂ ಗುರುತುಗಳುಂಟು. ಹೊಸ ಚಿಪ್ಪು ಗೀರಿಲ್ಲದೆ ಶುಭ್ರವಾಗಿ ಹೊಳೆಯುತ್ತದೆ. ಹಳೆಯದು ಕಂದಾಗಿ, ಗೀರುಗೀರಾಗಿರುತ್ತದೆ; ಕೆಲವೊಮ್ಮೆ ಅದಕ್ಕೆ ಸಣ್ಣ ಕಡಲಚಿಪ್ಪುಗಳು ಅಂಟಿಕೊಂಡಿರುತ್ತವೆ. ಸಮಗಾತ್ರದ ಎರಡರಲ್ಲಿ ಭಾರವಾದುದನ್ನೇ ಆರಿಸಿರಿ.

ಮೀಸೆಗಳನ್ನು ನೋಡುವುದನ್ನು ಮರೆಯಬೇಡಿರಿ. ಕಟ್ಟೆ ಕಟ್ಟಿದ ಕಡಲ ಕೊಳಗಳಲ್ಲಾಗಲಿ ಅಂಗಡಿಯ ತೊಟ್ಟಿಯಲ್ಲಾಗಲಿ ಬಹುಕಾಲ ಒತ್ತೊತ್ತಾಗಿ ಇಟ್ಟವುಗಳ ಮೀಸೆಗಳು ಸವೆದು ಮೊಂಡಾಗಿರುತ್ತವೆ. ಅಂತಹವು ಮೇವಿಲ್ಲದೆ ಒಳಗೇ ಕರಗುತ್ತಿರುವುದರಿಂದ, ಚಿಪ್ಪು ಗಟ್ಟಿಯಾಗಿದ್ದರೂ ಮಾಂಸ ಸೊರಗಿರುತ್ತದೆ. ದೊಡ್ಡ ವ್ಯಾಪಾರಿಗಳು ರಕ್ತದ ಒಂದು ತೊಟ್ಟನ್ನು ಬೆಳಕಿನ ಮಾಪಕದಲ್ಲಿಟ್ಟು ಅದರಲ್ಲಿರುವ ಪ್ರೋಟೀನಿನ ಪ್ರಮಾಣದಿಂದ ಇದನ್ನೇ ಅಳೆಯುತ್ತಾರೆ. ನಮಗೆ ಮೀಸೆ ಸಾಕು.

ಮೇನ್ ತೀರದ ಬೆಸ್ತರು ದೋಣಿಯ ಮೇಲೆಯೇ ಮಾಡುವ ಪರೀಕ್ಷೆಯೊಂದು ನಮಗೆಲ್ಲರಿಗೂ ಅನುಕರಣೀಯವಾದುದು. ಬೋನಿನಿಂದ ತೆಗೆದ ಪ್ರತಿಯೊಂದು ಪ್ರಾಣಿಯ ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ಅಂಚಿನವರೆಗೆ ಲೋಹದ ಅಳತೆಗೋಲನ್ನಿಟ್ಟು ನೋಡುತ್ತಾರೆ. 3¼ ಅಂಗುಲಕ್ಕೆ ಕಡಿಮೆಯಾದರೂ 5 ಅಂಗುಲಕ್ಕೆ ಮಿಗಿಲಾದರೂ ಅದು ಸಮುದ್ರಕ್ಕೆ ಮರಳುತ್ತದೆ. ಹೆಣ್ಣನ್ನು ಅಂಗಾತ ತಿರುಗಿಸಿದಾಗ ಬಾಲದಡಿಯಲ್ಲಿ ಕಡುಹಸುರು ಮೊಟ್ಟೆಗಳು ಗೊಂಚಲುಗಟ್ಟಿರುವುದು ಕಂಡರೆ, ಬಾಲದ ನಡುರೆಕ್ಕೆಯ ಬಲಮಗ್ಗುಲಿನ ರೆಕ್ಕೆಯಲ್ಲಿ ಮೂರುಮೂಲೆಯ ಒಂದು ಕಚ್ಚು ಹಾಕಿ ಬಿಟ್ಟುಬಿಡುತ್ತಾರೆ. ಆ ಕಚ್ಚು ಇರುವ ಹೆಣ್ಣು, ಮುಂದೆ ಮೊಟ್ಟೆಯಿಲ್ಲದ ಕಾಲದಲ್ಲಿ ಯಾರ ಬೋನಿಗೆ ಬಿದ್ದರೂ, ಅವನು ಅದನ್ನು ಬಿಡತಕ್ಕದ್ದು. ಒಂದು ಪೌಂಡಿನ ತಾಯಿ ಸುಮಾರು 8,000 ಮೊಟ್ಟೆಗಳನ್ನು ಹೊತ್ತರೆ, ಒಂಬತ್ತು ಪೌಂಡಿನದು ಲಕ್ಷದವರೆಗೂ ಹೊರಬಲ್ಲದು. 5 ಅಂಗುಲದ ಮೇಲ್ಮಿತಿಯ ಹಿಂದಿರುವ ವಿವೇಕ ಇದರಿಂದ ವೇದ್ಯವಾಗುವುದು.

ನಮ್ಮ ಕಡಲಿನ ಲಾಬ್‌ಸ್ಟರ್

ನಮ್ಮ ತೀರದಲ್ಲಿ ದೊರೆಯುವುವು ಬೇರೆ ಕುಲದವು: ದೊಡ್ಡ ಕೊಂಡಿಗಳಿಲ್ಲದ, ಉದ್ದ ಮೀಸೆಯ ಮುಳ್ಳು ಲಾಬ್‌ಸ್ಟರುಗಳು. ಮಾಂಸವೆಲ್ಲವೂ ಬಾಲದಲ್ಲಿಯೇ. ಗುಜರಾತ್ ಮತ್ತು ಮುಂಬಯಿ ಕಡೆಯ ಕೆಸರುತಳದಲ್ಲಿ ಒಂದು ಜಾತಿ ಹೇರಳ. ಕನ್ಯಾಕುಮಾರಿಯ ಬಂಡೆಗಳ ನಡುವೆ ಇನ್ನೊಂದು. ತಮಿಳುನಾಡಿನ ಆಗ್ನೇಯ ತೀರದಲ್ಲಿ ಗಾತ್ರದಲ್ಲಿ ದೊಡ್ಡದಾದ, ಬಣ್ಣಬಣ್ಣದ ಮೂರನೆಯದು. ಉಷ್ಣಜಲದ ಈ ಪ್ರಾಣಿಗಳು ವರ್ಷದಲ್ಲಿ ಹಲವು ಬಾರಿ ಪೊರೆ ಬಿಡುವುದರಿಂದ, ಇಲ್ಲಿ ತಿಂಗಳನ್ನು ಕೇಳಿ ಗುಣವನ್ನು ನಿಶ್ಚಯಿಸಲಾಗದು; ಹಿಡಿದ ಸಾಧನವನ್ನು ಕೇಳಬೇಕು. ಟ್ರಾಲ್ ಬಲೆಯಲ್ಲಿ ಮೀನಿನ ರಾಶಿಯಡಿ ಸಿಕ್ಕಿದುದು ಕಾಲು ಮುರಿದು, ಕೆಸರು ಮೆತ್ತಿ, ಸತ್ತು ದಡಕ್ಕೆ ಬರುವುದೇ ಹೆಚ್ಚು. ಕನ್ಯಾಕುಮಾರಿ ಜಿಲ್ಲೆಯ ಕೊಳಚಲ್ ಕಡೆಯ ಬೆಸ್ತರು ದಂಟಿನ ಸೀಳುಗಳಿಂದ ಹೆಣೆದ ಬೋನುಗಳಲ್ಲಿ ಹಿಡಿದುದು ಜೀವಂತವಾಗಿ, ಅಂಗಭಂಗವಿಲ್ಲದೆ ದೊರೆಯುತ್ತದೆ.

ಕಾರವಾರ, ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಅಪರೂಪಕ್ಕೆ ಒಂದೆರಡು ಕಂಡಾಗ ನಮ್ಮವರು ಆತುರದಿಂದ ಕೊಂಡುಬಿಡುವುದುಂಟು. ಆದರೆ ಬಾಲವನ್ನು ಮಗುಚಿ ನೋಡಿ, ಕಿತ್ತಳೆ ಬಣ್ಣದ ಮೊಟ್ಟೆಗಳಿದ್ದರೆ ಕೊಳ್ಳದೆ ಬಿಡುವುದು ಧರ್ಮ. ಭಾರತ ಸರಕಾರವು 2003ರಲ್ಲಿ ರಫ್ತಿಗೆ ಕನಿಷ್ಠ ತೂಕಗಳನ್ನು ವಿಧಿಸಿತು: ಕೆಸರುತಳದ ಜಾತಿಗೆ 300 ಗ್ರಾಂ, ಬಂಡೆಯ ಜಾತಿಗೆ 200 ಗ್ರಾಂ, ಆಗ್ನೇಯ ತೀರದ ದೊಡ್ಡ ಜಾತಿಗೆ 500 ಗ್ರಾಂ. ಈ ನಿಯಮ ರಫ್ತಿಗೆ ಸಂಬಂಧಿಸಿದುದಾದರೂ ಮನೆಗೆ ಕೊಳ್ಳುವಾಗಲೂ ಪಾಲಿಸತಕ್ಕದ್ದೇ ಸರಿ. ಮುಂಬಯಿಯ ಕಡೆ ಒಂದು ಕಾಲಕ್ಕೆ ಟ್ರಾಲ್ ಬಲೆಗಳಿಗೆ ಹೇರಳವಾಗಿ ಬೀಳುತ್ತಿದ್ದ ಚಪ್ಪಟೆ ಲಾಬ್‌ಸ್ಟರು, ಮೊಟ್ಟೆಯ ತಾಯಂದಿರನ್ನೂ ಬಿಡದೆ ಹಿಡಿದುದರಿಂದ, 1990ರ ದಶಕದಲ್ಲಿ ಅಳಿದೇಹೋಯಿತೆಂಬುದನ್ನು ಬಲ್ಲವರು ಇದನ್ನು ಅತಿಯಾದ ಕಟ್ಟುಪಾಡೆಂದು ಹೇಳಲಾರರು. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಎರಡು ತಿಂಗಳಲ್ಲಿ ‘ತಾಜಾ’ ಎಂದು ತೋರಿಸಿದುದು ಎಲ್ಲಿಂದ ಬಂದಿತೆಂದು ವಿಚಾರಿಸಿರಿ.

ಮನೆಗೆ ಒಯ್ಯುವುದೂ ಬೇಯಿಸುವುದೂ

ಒದ್ದೆ ಮಾಡಿದ ವೃತ್ತಪತ್ರಿಕೆಯಲ್ಲಾಗಲಿ ಕಡಲಪಾಚಿಯಲ್ಲಾಗಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ತಣ್ಣಗಿಟ್ಟು ಒಯ್ಯಿರಿ. ಸಿಹಿನೀರಿನಲ್ಲಿ ಮುಳುಗಿಸಿದರೆ ಸಾಯುತ್ತದೆ; ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೂ ಉಸಿರುಕಟ್ಟಿ ಸಾಯುತ್ತದೆ. ಮನೆಯಲ್ಲಿ ಫ್ರಿಜ್ಜಿನಲ್ಲಿಟ್ಟು ಅಂದೇ, ತಪ್ಪಿದರೆ ಮರುದಿನವೇ ಬೇಯಿಸಿಬಿಡಿ. ಸತ್ತು ಎಷ್ಟು ಹೊತ್ತಾಯಿತೆಂದು ತಿಳಿಯದುದನ್ನು ಒಲೆಗೆ ಏರಿಸಕೂಡದು. ಅದರ ಮಾಂಸ ಬಹು ಬೇಗನೆ ಕೆಡುತ್ತದೆ.

ಬೇಯಿಸುವ ಮುನ್ನ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ಪ್ರಾಣಿಯು ಜಡವಾಗುತ್ತದೆ. ಪ್ರಜ್ಞೆ ತಪ್ಪಿಸದೆ ಜೀವಂತವಾಗಿ ಕುದಿಯುವ ನೀರಿಗೆ ಹಾಕುವುದನ್ನು ಸ್ವಿಟ್ಜರ್ಲೆಂಡ್ 2018ರಲ್ಲಿ ನಿಷೇಧಿಸಿದೆ. ಒಂದು ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು ಹಾಕಿದರೆ ಸಮುದ್ರದ ನೀರಿನ ಉಪ್ಪಿಗೆ ಸರಿಹೋಗುತ್ತದೆ. ಒಂದೂಕಾಲು ಪೌಂಡಿನ ಗಟ್ಟಿ ಚಿಪ್ಪಿನದಕ್ಕೆ, ನೀರು ಮರಳಿ ಕುದಿಬಂದ ಮೇಲೆ, ಹತ್ತರಿಂದ ಹನ್ನೆರಡು ನಿಮಿಷ ಸಾಕು. ಹೊಸ ಚಿಪ್ಪಿನದನ್ನು ಎರಡು ಮೂರು ನಿಮಿಷ ಮೊದಲೇ ಇಳಿಸಿ, ಇಲ್ಲವಾದರೆ ಅದರ ಕೋಮಲತೆ ನಷ್ಟವಾಗುತ್ತದೆ. ಒಳಗಣ ಹಸುರು ಬಣ್ಣದ ಮೆದುಭಾಗವು ಅದರ ಯಕೃತ್ತಿನಂತಹ ಅಂಗ. ಸಮುದ್ರದ ವಿಷಪದಾರ್ಥಗಳು ಅಲ್ಲಿಯೇ ಸಂಚಯವಾಗುವುದರಿಂದ ಮೇನ್ ಸಂಸ್ಥಾನದ ಆರೋಗ್ಯ ಇಲಾಖೆ ಅದನ್ನು ತಿನ್ನಬಾರದೆಂದು ಸೂಚಿಸಿದೆ, ಮಕ್ಕಳಿಗಂತೂ ಕೊಡಲೇಕೂಡದು. ಅದನ್ನು ತೆಗೆದುಹಾಕಿ, ಉಳಿದ ಚಿಪ್ಪನ್ನು ಜಜ್ಜಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದರೆ, ಮರುದಿನದ ಸಾರಿಗೆ ಬೇಕಾದ ರಸ ಸಿದ್ಧವಾಗುತ್ತದೆ.