ನಿಜಾಮಶಾಹಿ ಚೀಟಿಗಳು ಮತ್ತು ಹೂಡಿಕೆಯ ಲೆಕ್ಕ

ಹೂಡಿಕೆ ಎನಿಸಿಕೊಳ್ಳುವ ವಸ್ತು ಒಂದೋ ಒಡೆಯನ ಕೈಯಲ್ಲಿದ್ದಷ್ಟು ಕಾಲ ಏನನ್ನಾದರೂ ದುಡಿಯಬೇಕು, ಇಲ್ಲವೇ ಬೇಕೆಂದ ದಿನ ಎಲ್ಲರಿಗೂ ತಿಳಿದಿರುವ ದರಕ್ಕೆ ಮಾರಾಟವಾಗಬೇಕು. ಹೊಲ ಬೆಳೆ ಕೊಡುತ್ತದೆ, ಮನೆ ಬಾಡಿಗೆ ತರುತ್ತದೆ, ಠೇವಣಿಗೆ ಬಡ್ಡಿ ಬೀಳುತ್ತದೆ. ಚಿನ್ನ ಏನನ್ನೂ ದುಡಿಯದಿದ್ದರೂ ಅದರ ಆ ದಿನದ ದರ ಸೇಡಮಿನ ಸರಾಫನಿಗೂ ಅವನೆದುರು ಕುಳಿತ ಗಿರಾಕಿಗೂ ಒಂದೇ ಹೊತ್ತಿಗೆ ಗೊತ್ತಿರುತ್ತದೆ. ಅಂಚೆಚೀಟಿ ಈ ಎರಡರಲ್ಲಿ ಯಾವುದನ್ನೂ ಮಾಡುವುದಿಲ್ಲ. ಅದು ಬಡ್ಡಿ ತರುವುದಿಲ್ಲ, ಅದಕ್ಕೆ ದಿನದ ದರವೂ ಇಲ್ಲ. ಅದೇ ಚೀಟಿ ತನಗೆ ಬೇಕೆಂದು ಇನ್ನೊಬ್ಬ ಸಂಗ್ರಾಹಕ ಮುಂದೆ ಬರುವ ತನಕ ಅದರ ಬೆಲೆ ಒಂದು ಅಂದಾಜು ಮಾತ್ರ.

ಗುಂಡಗುರ್ತಿಯ ಸುತ್ತಿನ ಪ್ರದೇಶದಲ್ಲಿ, ಎಂದರೆ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯ ಕಡೆ, ಈ ಪ್ರಶ್ನೆ ಏಳುವುದಕ್ಕೆ ಐತಿಹಾಸಿಕ ಕಾರಣವೊಂದಿದೆ. 1948ರ ಸೆಪ್ಟೆಂಬರ್ 17ರವರೆಗೆ ಈ ಊರುಗಳು ನಿಜಾಮನ ಆಳ್ವಿಕೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನಕ್ಕೆ ಹಾಲಿ ಸಿಕ್ಕಾ ಎಂಬ ಸ್ವಂತ ನಾಣ್ಯವೂ ಸ್ವಂತ ಟಪಾಲು ಇಲಾಖೆಯೂ ಇದ್ದವು. ಸಂಸ್ಥಾನದ ಮೊದಲ ಅಂಚೆಚೀಟಿ 1869ರಲ್ಲಿ ಒಂದು ಆಣೆ ಬೆಲೆಯಲ್ಲಿ ಹೊರಬಂದಿತು, 1931ರಲ್ಲಿ ಚಾರ್‌ಮಿನಾರ್, ಉಸ್ಮಾನ್ ಸಾಗರ, ಅಜಂತಾ ಗುಹೆಯ ದ್ವಾರ, ಬೀದರಿನ ಮದರಸಾ ಮುಂತಾದ ಚಿತ್ರಗಳುಳ್ಳ ಸರಣಿ ಬಂದಿತು, ಭಾರತೀಯ ಅಂಚೆಯಲ್ಲಿ ವಿಲೀನವಾಗುವ ತನಕವೂ ಇಲಾಖೆ ತನ್ನದೇ ಚೀಟಿಗಳನ್ನು ಮುದ್ರಿಸುತ್ತಲೇ ಇತ್ತು. ಹೀಗಾಗಿ ಈ ಭಾಗದ ಹಳೆಯ ಮನೆಗಳ ಟ್ರಂಕುಗಳಲ್ಲಿ, ಮುಖ್ಯವಾಗಿ ಗೌಡಕಿ ಮತ್ತು ಕುಲಕರ್ಣಿಕಿ ನಡೆಸಿದ ಮನೆತನಗಳ ಕಾಗದದ ಗಂಟುಗಳಲ್ಲಿ, ಈ ಚೀಟಿಗಳು ಇಂದಿಗೂ ಸಿಗುತ್ತವೆ. ಸಿಕ್ಕೊಡನೆ ನಿಜಾಮನ ಕಾಲದ್ದೆಂದರೆ ಲಕ್ಷಗಟ್ಟಲೆ ಬಾಳಬೇಕೆಂಬ ಮಾತೂ ಅದರ ಬೆನ್ನಿಗೇ ಹುಟ್ಟಿಕೊಳ್ಳುತ್ತದೆ.

ಈ ಮಾತಿನಲ್ಲಿರುವ ತಪ್ಪೆಂದರೆ ಹಳತನ್ನೂ ವಿರಳತೆಯನ್ನೂ ಒಂದೇ ಎಂದು ತಿಳಿಯುವುದು. ಸಾಧಾರಣ ಬೆಲೆಯ ಚೀಟಿಯನ್ನು ಸರ್ಕಾರ ಮುದ್ರಿಸಿದ್ದು ಜನ ದಿನನಿತ್ಯ ಕಾಗದಕ್ಕೆ ಹಚ್ಚಿ ಕಳಿಸಲೆಂದು. ನಾಲ್ಕು ಪೈ, ಎಂಟು ಪೈ, ಒಂದು ಆಣೆಯ ಚೀಟಿಗಳನ್ನು ಹಾಗೆಯೇ ಹೇರಳವಾಗಿ ಅಚ್ಚು ಹಾಕಿಸಲಾಗಿತ್ತು. ಕಚೇರಿ ಬಳಕೆಗೆಂದು ಉರ್ದುವಿನಲ್ಲಿ ‘ಸರ್ಕಾರಿ’ ಎಂಬ ಮೇಲ್ಮುದ್ರಣ, ಎಂದರೆ ಮೊದಲೇ ಅಚ್ಚಾದ ಚೀಟಿಯ ಮೇಲೆ ಮತ್ತೆ ಒತ್ತಿದ ಅಕ್ಷರ, ಪಡೆದ ಚೀಟಿಗಳೂ ಅಷ್ಟೇನೂ ಅಪರೂಪವಲ್ಲ. ಇನ್ನು 1870ರ ಅರ್ಧ ಆಣೆ ಮತ್ತು ಎರಡು ಆಣೆಯಂಥ ನಿಜವಾಗಿಯೂ ಹಳೆಯ ಚೀಟಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ: ಅವುಗಳ ಮರುಮುದ್ರಣಗಳು, ಎಂದರೆ ಬಳಕೆ ಮುಗಿದ ಮೇಲೆ ಸಂಗ್ರಾಹಕರಿಗಾಗಿ ಮತ್ತೆ ತೆಗೆದ ಪ್ರತಿಗಳು, 1880ರ ಸುಮಾರಿಗೇ ಬಂದಿವೆ. ಆ ಪ್ರತಿಯೂ ನೂರು ವರ್ಷ ದಾಟಿ ಹಣ್ಣಾಗಿರುವುದರಿಂದ, ಕಾಗದ ಹಳದಿಯಾಗಿದೆ ಎಂಬ ಒಂದೇ ಆಧಾರದ ಮೇಲೆ ಅಸಲು ಯಾವುದೆಂದು ಹೇಳಲಾಗದು.

ವಿರಳತೆ ನೆಲೆಸಿರುವುದು ಬಹುತೇಕ ಯಾರೂ ನೋಡದ ಜಾಗದಲ್ಲಿ. ಈ ಅಂಕಣಕಾರನ ಸಂಗ್ರಹದಲ್ಲಿರುವ ಕಂದು ಬಣ್ಣದ ಒಂದು ಆಣೆ ಚಾರ್‌ಮಿನಾರ್ ಚೀಟಿಯ ಬಲ ಮೂಲೆಯಲ್ಲಿ ಅಂಚೆಮುದ್ರೆಯ ಕಾಲುಭಾಗ ಉಳಿದಿದೆ. ಊರಿನ ಹೆಸರು ಹೊತ್ತಿದ್ದ ಉಳಿದ ಭಾಗ ಲಕೋಟೆಯ ಮೇಲಿತ್ತು, ಆ ಲಕೋಟೆಯನ್ನು ಯಾರೋ ಎಂದೋ ಕತ್ತರಿಸಿ ಎಸೆದಿದ್ದಾರೆ. ಚೀಟಿಯನ್ನಷ್ಟೇ ಕತ್ತರಿಸಿ ಪುಸ್ತಕಕ್ಕೆ ಅಂಟಿಸುವುದು ಶಾಲೆಯ ಮಕ್ಕಳಿಂದ ಹಿಡಿದು ದೊಡ್ಡವರ ತನಕ ಎಲ್ಲರೂ ಮಾಡಿದ ಕೆಲಸ, ಮತ್ತು ಬೆಲೆಯ ದೃಷ್ಟಿಯಿಂದ ಅದೇ ದೊಡ್ಡ ನಷ್ಟ. ವಾಡಿಯಲ್ಲಿ ಬಾಂಬೆ–ಮದ್ರಾಸ್ ಹಾದಿಗೆ ನಿಜಾಮರ ರೈಲು 1874ರಲ್ಲಿ ಕೂಡಿತು; ಸಂಸ್ಥಾನದ ಚೀಟಿ ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿದ್ದುದರಿಂದ ಆ ರೈಲು ಹಾದಿಯಲ್ಲಿ ಹೊರಗೆ ಹೋಗುವ ಕಾಗದಕ್ಕೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕಾಗುತ್ತಿತ್ತು. ಯಾವ ಕಾಗದ ಯಾವ ಕಚೇರಿಯಿಂದ ಯಾವ ಹಾದಿಯಲ್ಲಿ ಹೋಯಿತೆಂಬುದನ್ನು ತೋರಿಸುವ, ಮುದ್ರೆ ಸ್ಪಷ್ಟವಾಗಿ ಓದಿಸಿಕೊಳ್ಳುವ ಇಡೀ ಲಕೋಟೆಗೆ ಅಂಚೆ ಇತಿಹಾಸದ ಅಭ್ಯಾಸಿಗಳಲ್ಲಿ ಬೇಡಿಕೆಯಿದೆ. ಆದರೆ ಅಂಥ ಅಭ್ಯಾಸಿಗಳು ಬೆರಳೆಣಿಕೆಯಷ್ಟೇ, ಅವರಲ್ಲಿ ಇಬ್ಬರು ಕೊಳ್ಳುವುದನ್ನು ನಿಲ್ಲಿಸಿದರೆ ಆ ಲಕೋಟೆಯ ಬೆಲೆ ಅರ್ಧಕ್ಕಿಳಿಯಬಹುದು.

ಮಾರುಕಟ್ಟೆಯ ವರ್ತನೆಯನ್ನು ತೊಗರಿಯೊಂದಿಗೆ ಹೋಲಿಸಿ ನೋಡಬಹುದು. ಕಲಬುರಗಿ ಎಪಿಎಂಸಿಯಲ್ಲಿ ಬೆಳಿಗ್ಗೆ ಕೂಗಿದ ದರ ಸಂಜೆಯೊಳಗೆ ಗುಂಡಗುರ್ತಿಯ ರೈತನ ಫೋನಿಗೆ ಬಂದಿರುತ್ತದೆ, ಅಡತಿಯ ಕಮಿಷನ್ ಎಷ್ಟೆಂಬುದೂ ಗೊತ್ತಿರುತ್ತದೆ, ಅದರಡಿ 2025–26ನೇ ಸಾಲಿಗೆ ಕ್ವಿಂಟಲಿಗೆ 8,000 ರೂಪಾಯಿಯಂಥ ಬೆಂಬಲ ಬೆಲೆಯ ಆಸರೆಯೂ ಇರುತ್ತದೆ. ಅಂಚೆಚೀಟಿಗೆ ಇರುವುದು ಕ್ಯಾಟಲಾಗ್, ಎಂದರೆ ಪ್ರತಿ ಚೀಟಿಗೂ ಒಂದು ಸಂಖ್ಯೆ ಕೊಟ್ಟು ಬೆಲೆ ನಮೂದಿಸಿದ ಸೂಚಿಪುಸ್ತಕ. ಆ ಬೆಲೆ ವ್ಯಾಪಾರಿ ಮಾರುವ ಬೆಲೆಯೇ ಹೊರತು ಕೊಳ್ಳುವ ಬೆಲೆಯಲ್ಲ, ಅದೂ ಕಲೆಯಿಲ್ಲದ ಉತ್ತಮ ಪ್ರತಿಗೆ ಮಾತ್ರ. ಉದಾಹರಣೆಗೆ ಕ್ಯಾಟಲಾಗಿನಲ್ಲಿ 1,000 ರೂಪಾಯಿ ಎಂದಿರುವ ಚೀಟಿಯನ್ನು ರಿಯಾಯಿತಿಯಲ್ಲಿ 600ಕ್ಕೆ ಕೊಂಡವನು ಮಾರಲು ಹೋದಾಗ 250 ಪಡೆದನೆಂದರೆ, ಹಾಕಿದ 600 ಮರಳಿ ಬರುವುದಕ್ಕೇ ವ್ಯಾಪಾರಿ ಕೊಡುವ ಆ ಬೆಲೆ ಎರಡು ಪಟ್ಟಿಗಿಂತ ಹೆಚ್ಚಬೇಕಾಗುತ್ತದೆ. ಸಾಧಾರಣ ಚೀಟಿಗಳಿಗೆ ಬಿಡಿ ದರವೇ ಇಲ್ಲ, ಅವು ತೂಕದ ಲೆಕ್ಕದಲ್ಲಿ ಹೋಗುತ್ತವೆ. ಈ ಅಂಕಣಕಾರ ತನ್ನ ಗಂಟೊಂದನ್ನು ನಗರದ ವ್ಯಾಪಾರಿಯೊಬ್ಬರ ಮುಂದಿಟ್ಟಾಗ ಅವರು ಬಹುಪಾಲನ್ನು ಭೂತಗನ್ನಡಿಯನ್ನೂ ಮುಟ್ಟದೆ ಒಂದು ಬದಿಗೆ ಸರಿಸಿದರು, ಕತ್ತರಿ ಕಾಣದ ಒಂದು ಲಕೋಟೆಯನ್ನು ಮಾತ್ರ ಹಿಂದೆ ಮುಂದೆ ಹೊರಳಿಸಿ ಬಹಳ ಹೊತ್ತು ನೋಡಿದರು. ಉಪಚಾರದ ಮಾತಿಲ್ಲದ ಆ ವಿಂಗಡಣೆ ಕ್ಯಾಟಲಾಗಿಗಿಂತ ಹೆಚ್ಚು ನಂಬತಕ್ಕದ್ದಾಗಿತ್ತು.

ಹೊಸ ಚೀಟಿಗಳ ಕಥೆ ಇದಕ್ಕಿಂತಲೂ ಸರಳ. ಅಂಚೆ ಇಲಾಖೆ ಹೊರಡಿಸುವ ಸ್ಮಾರಕ ಚೀಟಿ, ಎಂದರೆ ವ್ಯಕ್ತಿ ಅಥವಾ ಘಟನೆಯೊಂದರ ನೆನಪಿಗೆ ಒಂದೇ ಸಲ ಅಚ್ಚಾಗುವ ಚೀಟಿ, ಕೌಂಟರಿನಲ್ಲಿ ಮುಖಬೆಲೆಗೇ ಸಿಗುತ್ತದೆ. ಅದನ್ನು ಹಾಳೆಗಟ್ಟಲೆ ಕೊಂಡು ಕಪಾಟಿನಲ್ಲಿಟ್ಟವರು ದೇಶದ ತುಂಬ ಇದ್ದಾರೆ, ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದಿಲ್ಲ. 2006ರ ಡಿಸೆಂಬರಿನಲ್ಲಿ ಶ್ರೀಗಂಧದ ಪರಿಮಳದ 15 ರೂಪಾಯಿಯ ಚೀಟಿ ಬಂದಾಗ ಜನ ಆಸೆಯಿಂದ ಕೊಂಡು ಇಟ್ಟುಕೊಂಡರು. ವರ್ಷ ಕಳೆದಂತೆ ಆ ಕಂಪು ಮಾಸುತ್ತದೆ, ಮುಖಬೆಲೆಯ 15 ರೂಪಾಯಿ ಹಾಗೆಯೇ ಉಳಿಯುತ್ತದೆ. ಅದೇ ಅಂಚೆ ಕಚೇರಿಯಲ್ಲಿ ರಾಷ್ಟ್ರೀಯ ಉಳಿತಾಯ ಪತ್ರವೂ ಸಿಗುತ್ತದೆ, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 7.7ರ ದರದಲ್ಲಿ ಅದಕ್ಕೆ ಹಾಕಿದ 10,000 ರೂಪಾಯಿ ಐದು ವರ್ಷಕ್ಕೆ ಸುಮಾರು 14,490 ಆಗುತ್ತದೆ. ಅಷ್ಟೇ ಹಣಕ್ಕೆ ಕೊಂಡ ಚೀಟಿಗಳು ಐದು ವರ್ಷದ ನಂತರವೂ 10,000 ರೂಪಾಯಿಯ ಅಂಚೆ ವೆಚ್ಚಕ್ಕೆ ಸಮ, ಅಷ್ಟು ಕಾಗದ ಬರೆಯುವವರಿದ್ದರೆ.

ಬಳಸದ ಚೀಟಿಗೆ ಪೂರ್ಣ ಬೆಲೆ ಬರಬೇಕಾದರೆ ಹಿಂಬದಿಯ ಗೋಂದು ಮೊದಲಿನಂತೆಯೇ ಇರಬೇಕು, ಅಂಚಿನ ಹಲ್ಲು ಒಂದೂ ಮುರಿದಿರಬಾರದು. ಮೇ ತಿಂಗಳ ನಲವತ್ತು ಡಿಗ್ರಿ ದಾಟುವ ಬಿಸಿಲು, ಅದರ ಬೆನ್ನಿಗೇ ಬರುವ ಮಳೆಗಾಲದ ತೇವ, ಶಹಾಬಾದಿನಲ್ಲೋ ವಾಡಿಯಲ್ಲೋ ಆದರೆ ಕಿಟಕಿಯ ಸಂದಿನಲ್ಲೂ ಕೂರುವ ಕಲ್ಲಿನ, ಸಿಮೆಂಟಿನ ಧೂಳು, ಇವುಗಳ ನಡುವೆ ಗೋಂದು ಬಿರುಕು ಬಿಡುತ್ತದೆ, ಇಲ್ಲವೇ ಕಾಗದದ ಮೇಲೆ ತುಕ್ಕಿನಂಥ ಕಂದು ಚುಕ್ಕೆ ಏಳುತ್ತದೆ. ಒಮ್ಮೆ ಬಿದ್ದ ಚುಕ್ಕೆಯನ್ನು ತೆಗೆಯಲು ಹೋದರೆ ಚೀಟಿಯೇ ಕೆಡುತ್ತದೆ.

ಅತಿ ವಿರಳ ಚೀಟಿಗಳ ಸುದ್ದಿಯೇ ಈ ಆಸೆಗೆ ನೀರೆರೆಯುವುದು. 1948ರ ಗಾಂಧೀಜಿ ಚಿತ್ರದ 10 ರೂಪಾಯಿ ಚೀಟಿಯ ಮೇಲೆ ‘ಸರ್ವಿಸ್’ ಎಂದು ಮೇಲ್ಮುದ್ರಿಸಿ ಗವರ್ನರ್ ಜನರಲ್ ಕಚೇರಿಗೆ ಕೊಟ್ಟದ್ದು 100 ಪ್ರತಿ ಮಾತ್ರ. ಅದರ ನಾಲ್ಕು ಚೀಟಿಗಳ ಪಟ್ಟಿಯೊಂದು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಪತ್ರಿಕೆಗಳಲ್ಲಿ ಬಂದ ಆ ಸುದ್ದಿ ಮೇಲ್ಮುದ್ರಣವಿಲ್ಲದ ಸಾಮಾನ್ಯ ಗಾಂಧಿ ಚೀಟಿಗಳಿಗೂ ಅದೇ ಬೆಲೆಯೆಂಬ ಭ್ರಮೆ ಹುಟ್ಟಿಸಿತು. ಶಿಖರದಲ್ಲಿಯೂ ಬೆಲೆ ಏರುತ್ತಲೇ ಹೋಗುವುದಿಲ್ಲ: ಜಗತ್ತಿನಲ್ಲಿ ಒಂದೇ ಒಂದು ಪ್ರತಿ ಉಳಿದಿರುವ ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟ್ ಚೀಟಿ 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೂ 2021ರಲ್ಲಿ ಸುಮಾರು 83 ಲಕ್ಷ ಡಾಲರಿಗೂ ಹರಾಜಾಯಿತು. ಎರಡನೆಯ ಸಲ ಅದನ್ನು ಕೊಂಡದ್ದು 1856ರಲ್ಲಿಯೇ ಸ್ಥಾಪನೆಯಾದ, ಈ ವ್ಯಾಪಾರದಲ್ಲಿ ಅತ್ಯಂತ ಹೆಸರುವಾಸಿಯಾದ ಲಂಡನ್ನಿನ ಸ್ಟ್ಯಾನ್ಲಿ ಗಿಬ್ಬನ್ಸ್. ಮುಂದೆ ಕನಿಷ್ಠ ಬೆಲೆಗೆ ತಾನೇ ಮರುಖರೀದಿ ಮಾಡುವ ಭರವಸೆಯೊಂದಿಗೆ ಹೂಡಿಕೆ ಯೋಜನೆಗಳನ್ನು ಮಾರಿದ್ದ ಅದರ ಗರ್ನ್ಸಿ ದ್ವೀಪದ ಕಂಪನಿ 2017ರ ನವೆಂಬರಿನಲ್ಲಿ ದಿವಾಳಿ ಆಡಳಿತಾಧಿಕಾರಿಗಳ ವಶವಾಗಿತ್ತು. 2023ರ ಡಿಸೆಂಬರಿನಲ್ಲಿ ಮೂಲ ಸಂಸ್ಥೆಗೂ ಅದೇ ಗತಿಯಾಯಿತು.

ಸ್ಪೇನಿನಲ್ಲಿ ಆದದ್ದು ಇನ್ನೂ ಘೋರ. ಅಫಿನ್ಸಾ ಮತ್ತು ಫೋರಂ ಫಿಲಾತೆಲಿಕೊ ಎಂಬ ಎರಡು ಸಂಸ್ಥೆಗಳು ಅಂಚೆಚೀಟಿಗಳ ಹೆಸರಿನಲ್ಲಿ ಬ್ಯಾಂಕಿಗಿಂತ ಹೆಚ್ಚಿನ ನಿಶ್ಚಿತ ಲಾಭ ಕೊಡುವುದಾಗಿ ಹೇಳಿ, ಹೊಸಬರು ತಂದ ಹಣದಲ್ಲಿ ಹಳಬರಿಗೆ ಪಾವತಿ ಮಾಡುತ್ತಿದ್ದವು. 2006ರ ಮೇ 9ರಂದು ಪೊಲೀಸರು ದಾಳಿ ಮಾಡಿದಾಗ ಮೂರೂವರೆ ಲಕ್ಷಕ್ಕೂ ಹೆಚ್ಚು ಕುಟುಂಬಗಳ ಉಳಿತಾಯ ಅವುಗಳಲ್ಲಿ ಸಿಲುಕಿತ್ತು, ಹೂಡಿಕೆದಾರರ ಪಾಲಿಗಿದ್ದ ಚೀಟಿಗಳ ನಿಜ ಬೆಲೆ ಕಟ್ಟಿದ ಹಣದ ಸಣ್ಣ ಅಂಶ ಮಾತ್ರವಾಗಿತ್ತು. ಇಂಥ ವಂಚನೆಗೆ ತನ್ನ ಹೆಸರನ್ನೇ ಬಿಟ್ಟುಹೋದ ಚಾರ್ಲ್ಸ್ ಪೋಂಜಿ 1920ರಲ್ಲಿ ಬಾಸ್ಟನ್ನಿನಲ್ಲಿ ಮುಂದೊಡ್ಡಿದ್ದೂ ಅಂಚೆಯ ಕಾಗದವನ್ನೇ, ಪರದೇಶದಿಂದ ಉತ್ತರ ತರಿಸಲು ಬಳಸುವ ಕೂಪನ್‌ಗಳನ್ನು.

ಈ ಕಡೆಯ ಊರುಗಳಿಗೆ ಅಂಥ ದೊಡ್ಡ ಕಂಪನಿ ಬರುವುದಿಲ್ಲ, ಫೋನ್ ಬರುತ್ತದೆ. ಹಳೆಯ ನೋಟು, ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ, ಮೊದಲು ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಹಾಕಿಸಿಕೊಳ್ಳುವವರು ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸುತ್ತಿದ್ದಾರೆಂದೂ, ಇಂಥ ವ್ಯವಹಾರಕ್ಕೂ ಬ್ಯಾಂಕಿಗೂ ಸಂಬಂಧವಿಲ್ಲವೆಂದೂ 2021ರ ಆಗಸ್ಟಿನಲ್ಲಿ ಆ ಬ್ಯಾಂಕೇ ಪ್ರಕಟಣೆ ಹೊರಡಿಸಬೇಕಾಯಿತು. ಅಂಚೆಚೀಟಿಗೂ ಅದೇ ತಂತ್ರ ಒಗ್ಗುತ್ತದೆ. ನಿಜವಾದ ಕೊಳ್ಳುಗ ಹಣ ಕೊಡುತ್ತಾನೆ. ಮಾರುವವನಿಂದಲೇ ಮುಂಗಡ ಕೇಳುವವನಿಗೆ ಚೀಟಿ ಬೇಕಾಗಿಲ್ಲ.

ಸಂಗ್ರಹವೇ ಬೇಡವೆಂದು ಇದರ ಅರ್ಥವಲ್ಲ, ಸಂಗ್ರಹಕ್ಕೆ ಹಾಕಿದ ಹಣವನ್ನು ಮನೆಯ ಲೆಕ್ಕದಲ್ಲಿ ಪುಸ್ತಕ, ಪ್ರವಾಸಗಳ ಸಾಲಿನಲ್ಲಿ ಬರೆಯಬೇಕೆಂಬುದಷ್ಟೇ. ಮಗಳ ಮದುವೆಗೋ ಬೋರ್‌ವೆಲ್ಲಿಗೋ ಎತ್ತಿಟ್ಟ ಹಣ ಅಲ್ಲಿಗೆ ಹೋಗಬಾರದು. ಟ್ರಂಕಿನಲ್ಲಿ ಹಳೆಯ ಲಕೋಟೆಗಳು ಸಿಕ್ಕವರು ಚೀಟಿಯನ್ನು ಕತ್ತರಿಸದೆ, ನೀರಿನಲ್ಲಿ ನೆನೆಸದೆ, ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿಬಿಡದೆ, ಒಳಗಿನ ಕಾಗದದ ಸಮೇತ ಒಣ ಜಾಗದಲ್ಲಿ ಚಪ್ಪಟೆಯಾಗಿ ಇಡುವುದು ಲೇಸು. ಹರಾಜಿಗೆ ಕಳಿಸುವುದಾದರೆ ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಂಡು, ಕಮಿಷನ್ ಎಷ್ಟು, ಮಾರಾಟವಾಗದಿದ್ದರೆ ಮರಳಿಸುವ ಖರ್ಚು ಯಾರದು ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು.