ಅಮೆರಿಕನ್ ಫುಟ್‌ಬಾಲಿನಲ್ಲಿ ಓಟ ತಡೆಯುವ ಟ್ಯಾಕಲ್

ಫುಟ್‌ಬಾಲ್ ಎಂದೊಡನೆ ನಮ್ಮಲ್ಲಿ ಯಾರಿಗಾದರೂ ನೆನಪಾಗುವುದು ಕಾಲಿನಿಂದ ಒದೆಯುವ ದುಂಡು ಚೆಂಡಿನ ಆಟ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟ ಬೇರೆಯೇ ಆಗಿದೆ. ಅಲ್ಲಿಯ ಚೆಂಡು ಎರಡು ತುದಿಗಳಲ್ಲಿಯೂ ಚೂಪು. ಅದನ್ನು ಹೆಚ್ಚಾಗಿ ಕೈಯಲ್ಲಿಯೇ ಹಿಡಿದು ಓಡುತ್ತಾರೆ, ಇಲ್ಲವೆ ಮುಂದಕ್ಕೆ ಎಸೆಯುತ್ತಾರೆ. ಎಸೆಯುವವನು ಕ್ವಾರ್ಟರ್‌ಬ್ಯಾಕ್, ಎಸೆದುದನ್ನು ಹಿಡಿಯುವವನು ರಿಸೀವರ್, ಹಿಡಿದು ಓಡುವವನು ರನ್ನಿಂಗ್ ಬ್ಯಾಕ್. ಹೆಸರು, ಹಣ, ಪತ್ರಿಕೆಗಳಲ್ಲಿ ಚಿತ್ರ ಎಲ್ಲವೂ ಬಹುಮಟ್ಟಿಗೆ ಇವರಿಗೇ ಸಲ್ಲುತ್ತವೆ. ಪ್ರಕೃತ ಲೇಖನದಲ್ಲಿ ನಾನು ಹೇಳಹೊರಟಿರುವುದು ಇವರ ಸಂಗತಿಯನ್ನಲ್ಲ. ಮುನ್ನೂರು ಮುನ್ನೂರೈವತ್ತು ಪೌಂಡು ತೂಗುವ, ಪಂದ್ಯವಿಡೀ ಚೆಂಡನ್ನು ಒಮ್ಮೆಯೂ ಮುಟ್ಟದೆ ಮನೆಗೆ ಹೋಗಬಹುದಾದ ಒಬ್ಬ ಆಟಗಾರನಿದ್ದಾನೆ. ಅವನಿಗೆ ಡಿಫೆನ್ಸಿವ್ ಟ್ಯಾಕಲ್ ಎಂದು ಹೆಸರು. ಅವರಲ್ಲಿಯೂ ಎದುರಾಳಿಯ ಓಟವನ್ನು ತಡೆಯುವುದೇ ಕಸುಬಾಗಿ ಉಳ್ಳವನ ಬೆಲೆಯೆಷ್ಟು ಎಂಬುದು ಆ ದೇಶದ ತಂಡಗಳನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಆಟದ ನಿಯಮಗಳನ್ನೆಲ್ಲ ವಿವರಿಸಹೊರಟರೆ ಈ ಸಂಚಿಕೆಯ ಪುಟಗಳು ಸಾಲವು. ನಮಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಮೈದಾನದ ಉದ್ದ 100 ಗಜ. ಪಕ್ಷಕ್ಕೆ 11 ಮಂದಿ. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷಕ್ಕೆ ನಾಲ್ಕು ಅವಕಾಶಗಳು. ಒಂದೊಂದನ್ನೂ ಡೌನ್ ಎನ್ನುತ್ತಾರೆ. ನಾಲ್ಕರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ದೊರೆಯುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ನಾಲ್ಕನೆಯ ಡೌನಿನಲ್ಲಿ ಚೆಂಡನ್ನು ದೂರಕ್ಕೆ ಒದ್ದು ಬಿಟ್ಟುಕೊಡುವುದು ಹೆಚ್ಚಿನ ರೂಢಿಯಾದುದರಿಂದ ಮೂರರಲ್ಲಿಯೇ ಕೆಲಸ ಮುಗಿಯಬೇಕು. ಈಗ ಲೆಕ್ಕ ನೋಡಿ. ಓಟಕ್ಕೆ ನಾಲ್ಕು ಗಜದಂತೆ ದೊರೆತರೆ ಮೂರು ಓಟಕ್ಕೆ ಹನ್ನೆರಡು. ಆ ಪಕ್ಷವು ಚೆಂಡನ್ನು ಎಸೆಯುವ ಅಪಾಯಕ್ಕೆ ಕೈಹಾಕದೆಯೇ ಮೈದಾನದ ತುದಿಯನ್ನು ಮುಟ್ಟಬಹುದು. ಎರಡೂವರೆ ಗಜದಂತೆ ದೊರೆತರೆ ಮೂರಕ್ಕೆ ಏಳೂವರೆ ಮಾತ್ರ. ಈ ಒಂದೂವರೆ ಗಜದ ಅಂತರವೆಂದರೆ, ಸಾಲಿನ ನಡುವಿನ ಒಬ್ಬ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದನೋ ಇಲ್ಲವೋ ಎಂಬಷ್ಟೇ.

ಚೆಂಡಿನ ಬಳಿ ದಾಳಿಪಕ್ಷದ ಐವರು ದಾಂಡಿಗರು ಸಾಲಾಗಿ ಬಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡುಗಳು, ಅವರಾಚೆ ದಾಳಿಯ ಟ್ಯಾಕಲುಗಳು. (ಟ್ಯಾಕಲ್ ಎಂಬ ಹೆಸರು ಎರಡು ಪಕ್ಷಗಳಲ್ಲಿಯೂ ಇರುವುದು ಹೊಸಬರಿಗೆ ದೊಡ್ಡ ಗೊಂದಲ. ಇನ್ನು ಮುಂದೆ ಬರಿಯ ಟ್ಯಾಕಲ್ ಎಂದರೆ ರಕ್ಷಣೆಯವನೆಂದೇ ತಿಳಿಯತಕ್ಕದ್ದು.) ತುದಿಯಲ್ಲಿ ಟೈಟ್ ಎಂಡ್ ಎಂಬ ಆರನೆಯವನೂ ಸಾಮಾನ್ಯವಾಗಿ ಸೇರಿಕೊಳ್ಳುತ್ತಾನೆ. ಒಬ್ಬನಿಗೂ ಪಕ್ಕದವನಿಗೂ ನಡುವಣ ಸಂದಿಗೆ ಗ್ಯಾಪ್ ಎಂದು ಹೆಸರು. ಓಡುವವನು ನುಗ್ಗುವುದು ಈ ಸಂದುಗಳಲ್ಲಿ. ಆದುದರಿಂದ ರಕ್ಷಣೆಯ ವ್ಯಾಕರಣವೆಲ್ಲ ಒಂದೇ ಸೂತ್ರದಲ್ಲಿ ಅಡಗಿದೆ: ಯಾವ ಸಂದೂ ಬರಿದಾಗಿರಕೂಡದು.

ಓಟ ತಡೆಯುವ ಟ್ಯಾಕಲ್ ನಿಲ್ಲುವುದು ಸೆಂಟರಿನ ಎದುರಿಗೆ, ಇಲ್ಲವೆ ಅವನ ಹೆಗಲಿಗೆ ತುಸು ಓರೆಯಾಗಿ. ಚೆಂಡು ಕದಲಿದೊಡನೆ ಸೆಂಟರ್ ಮತ್ತು ಗಾರ್ಡ್ ಇಬ್ಬರೂ ಕೂಡಿ ಅವನ ಮೇಲೆ ಬೀಳುತ್ತಾರೆ. ಅವರಿಬ್ಬರ ತೂಕವೂ ಸೇರಿದರೆ 600 ಪೌಂಡು ಮೀರುತ್ತದೆ. ಅವರ ಉದ್ದೇಶ ಅವನನ್ನು ಹಿಂದಕ್ಕೆ ನೂಕುವುದಷ್ಟೇ ಅಲ್ಲ. ನೂಕಿದ ಮರುಕ್ಷಣವೇ ಇಬ್ಬರಲ್ಲಿ ಒಬ್ಬನು ಅವನನ್ನು ಬಿಟ್ಟು, ಹಿಂದೆ ನಾಲ್ಕೈದು ಗಜ ದೂರದಲ್ಲಿ ನಿಂತಿರುವ ಲೈನ್‌ಬ್ಯಾಕರನನ್ನು ಹೋಗಿ ತಡೆಯಬೇಕು. ಲೈನ್‌ಬ್ಯಾಕರನೇ ಓಟಗಾರನನ್ನು ಹಿಡಿಯತಕ್ಕವನು. ಟ್ಯಾಕಲ್ ಸುಲಭವಾಗಿ ಸರಿದುಬಿಟ್ಟರೆ ಈ ಎರಡನೆಯ ಕೆಲಸಕ್ಕೆ ಬಿಡುವು ಸಿಕ್ಕುತ್ತದೆ. ಅವನು ಕದಲದಿದ್ದರೆ ಇಬ್ಬರೂ ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಲೈನ್‌ಬ್ಯಾಕರನಿಗೆ ದಾರಿ ತೆರವಾಗುತ್ತದೆ.

ಕದಲದಿರುವುದು ಬರಿಯ ತೂಕದ ಮಾತಲ್ಲ. ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿಗಿಂತ ಹೆಗಲು ಕೆಳಗಿರಬೇಕು, ಸೊಂಟ ಬಾಗಿರಬೇಕು, ಕೈಗಳು ಅವನ ಎದೆಯ ಒಳಭಾಗವನ್ನು ಮೊದಲು ಮುಟ್ಟಬೇಕು. ಇಬ್ಬರು ಒಟ್ಟಾಗಿ ಎತ್ತಿದಾಗ ಅನುಭವಸ್ಥನು ಒಂದು ಮೊಣಕಾಲನ್ನು ನೆಲಕ್ಕೆ ಊರಿ, ಮೂವರೂ ಅಲ್ಲಿಯೇ ರಾಶಿಯಾಗಿ ಬೀಳುವಂತೆ ಮಾಡುತ್ತಾನೆ. ನೋಡುವವರಿಗೆ ಅವನು ಸೋತು ಬಿದ್ದಂತೆ ಕಾಣುತ್ತದೆ. ವಾಸ್ತವವಾಗಿ ಆ ರಾಶಿಯೇ ಗೋಡೆ. ಓಟಗಾರನು ಅದನ್ನು ಸುತ್ತಿ ಹೋಗಬೇಕಾಗುತ್ತದೆ, ಸುತ್ತುವಷ್ಟರಲ್ಲಿ ಬೇರೊಬ್ಬನು ಬಂದು ಹಿಡಿಯುತ್ತಾನೆ. ಅಂಕಿಅಂಶಗಳ ಪಟ್ಟಿಯಲ್ಲಿ ಹಿಡಿದವನ ಹೆಸರಿಗೆ ಒಂದು ಗೆರೆ ಬೀಳುತ್ತದೆ. ಬಿದ್ದವನ ಹೆಸರಿನ ಮುಂದೆ ಏನೂ ಇಲ್ಲ.

ಇದಕ್ಕೆ ಪ್ರಸಿದ್ಧ ನಿದರ್ಶನ 2000ನೆಯ ವರ್ಷದ ಬಾಲ್ಟಿಮೋರ್ ರೇವನ್ಸ್ ತಂಡ. ಆ ವರ್ಷ 16 ಪಂದ್ಯಗಳಲ್ಲಿ ಅವರು ಎದುರಾಳಿಗಳಿಗೆ ಓಟದಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 970 ಗಜ; ಬಿಟ್ಟುಕೊಟ್ಟ ಅಂಕಗಳು 165. ಹದಿನಾರು ಪಂದ್ಯಗಳ ಋತುವಿಗೆ ಇವೆರಡೂ ದಾಖಲೆಗಳು. 2001ರ ಜನವರಿಯಲ್ಲಿ ನಡೆದ ಸೂಪರ್ ಬೌಲ್ ಪಂದ್ಯದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 34-7ರಿಂದ ಸೋಲಿಸಿದರು. ಲೈನ್‌ಬ್ಯಾಕರ್ ರೇ ಲೂಯಿಸ್ ಆ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದನು, ಸೂಪರ್ ಬೌಲಿನಲ್ಲಿಯೂ ಅವನಿಗೇ ಪ್ರಶಸ್ತಿ. ಅದು ಅವನಿಗೆ ಸಲ್ಲತಕ್ಕದ್ದೇ. ಅಷ್ಟು ಚುರುಕಿನ ಆಟಗಾರರು ವಿರಳ. ಆದರೆ ಅವನ ಮುಂದೆ ನಿಂತಿದ್ದವರು ಟೋನಿ ಸಿರಾಗುಸ ಮತ್ತು ಸ್ಯಾಮ್ ಆಡಮ್ಸ್, ಇಬ್ಬರೂ 330 ಪೌಂಡಿನ ಆಸುಪಾಸಿನವರು. ಆಡಮ್ಸ್ 1994ರ ಆಯ್ಕೆಯಲ್ಲಿ ಎಂಟನೆಯವನಾಗಿ ಬಂದವನು. ಸಿರಾಗುಸನನ್ನು 1990ರಲ್ಲಿ ಯಾವ ತಂಡವೂ ಆರಿಸಿಕೊಂಡಿರಲಿಲ್ಲ. ಆಯ್ಕೆ ಮುಗಿದ ಮೇಲೆ ಇಂಡಿಯಾನಾಪೊಲಿಸ್ ತಂಡ ಅವನನ್ನು ಸೇರಿಸಿಕೊಂಡಿತು. ಇಬ್ಬರನ್ನು ತಡೆಯಲು ನಾಲ್ವರು ಬೇಕಾಗುತ್ತಿದ್ದುದರಿಂದ ಲೂಯಿಸನ ಮೈಮುಟ್ಟುವುದಕ್ಕೆ ಜನವೇ ಉಳಿಯುತ್ತಿರಲಿಲ್ಲ. ಸಿರಾಗುಸ 2022ರಲ್ಲಿ ತೀರಿಕೊಂಡನು.

ಇಷ್ಟು ಉಪಯೋಗವಿದ್ದರೂ ಇಂಥವರ ಬೆಲೆ ಇಳಿಯಿತು. ಕಾರಣವನ್ನು ಹಿಂದಕ್ಕೆ ಹೋಗಿ ಹುಡುಕಬೇಕು. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮವು ಒಪ್ಪಿದ್ದು 1906ರಲ್ಲಿ. ಆದರೂ ಬಹುಕಾಲ ಓಟವೇ ಪ್ರಧಾನವಾಗಿತ್ತು. 1978ರಲ್ಲಿ ವೃತ್ತಿಪರ ಲೀಗು ಎರಡು ನಿಯಮಗಳನ್ನು ಬದಲಾಯಿಸಿತು. ರಿಸೀವರನನ್ನು ಐದು ಗಜದಾಚೆ ರಕ್ಷಣೆಯವರು ಮುಟ್ಟಕೂಡದೆಂದಾಯಿತು. ಕ್ವಾರ್ಟರ್‌ಬ್ಯಾಕನ್ನು ಕಾಯುವವರು ಕೈಚಾಚಿ ಅಂಗೈಯಿಂದ ತಡೆಯಬಹುದೆಂದಾಯಿತು. ಅಲ್ಲಿಂದ ಎಸೆತದ್ದೇ ರಾಜ್ಯಭಾರ. ಓಟವೊಂದಕ್ಕೆ ದೊರೆಯುವುದು ನಾಲ್ಕು ಗಜದ ಮೇಲೆ ಸ್ವಲ್ಪ. ಎಸೆತವೊಂದಕ್ಕೆ ಏಳರ ಸುಮಾರು. ಹೀಗಿರುವಾಗ ಎದುರಾಳಿ ಓಡಿದರೆ ಓಡಲಿ, ಎಸೆಯದಿದ್ದರೆ ಸಾಕು ಎಂದು ಲೆಕ್ಕಿಗರು ವಾದಿಸಿದರು. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮಿನೆಸೋಟ ವೈಕಿಂಗ್ಸ್ ತಂಡದ ಪ್ಯಾಟ್ ವಿಲಿಯಮ್ಸ್ ಮತ್ತು ಕೆವಿನ್ ವಿಲಿಯಮ್ಸ್ ಎಂಬ ಟ್ಯಾಕಲುಗಳ ಜೋಡಿಯನ್ನು ಜನ ವಿಲಿಯಮ್ಸ್ ಗೋಡೆ ಎಂದೇ ಕರೆಯುತ್ತಿದ್ದರು. 2006, 2007, 2008 ಮೂರು ವರ್ಷಗಳಲ್ಲಿಯೂ ಓಟ ತಡೆಯುವುದರಲ್ಲಿ ಆ ತಂಡವೇ ಮೊದಲು. ಆದರೆ 2006ರಲ್ಲಿ ಅವರು ಗೆದ್ದದ್ದು 6 ಪಂದ್ಯ, ಸೋತದ್ದು 10. ಗೋಡೆಗೆ ತಲೆ ಚಚ್ಚಿಕೊಳ್ಳುವುದೇಕೆಂದು ಎದುರಾಳಿಗಳು ಅದರ ಮೇಲಿಂದಲೇ ಚೆಂಡನ್ನು ಎಸೆದರು!

ಹಣವೂ ಎಸೆತದ ಹಿಂದೆಯೇ ಹೋಯಿತು. ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ. ಲೀಗು ಅದನ್ನು 1982ರಿಂದ ಅಧಿಕೃತವಾಗಿ ಎಣಿಸುತ್ತಿದೆ. ಎಣಿಸಿದುದಕ್ಕೆ ಬೆಲೆ ಬರುವುದು ಲೋಕರೂಢಿ. ಲಾಸ್ ಏಂಜಲೀಸ್ ರಾಮ್ಸ್ ತಂಡದ ಆರನ್ ಡೊನಾಲ್ಡ್ ಕೇವಲ 280 ಪೌಂಡಿನ ಟ್ಯಾಕಲ್. 2018ರಲ್ಲಿ ಅವನಿಗೆ ಆರು ವರ್ಷಕ್ಕೆ 13 ಕೋಟಿ 50 ಲಕ್ಷ ಡಾಲರಿನ ಕರಾರು ದೊರೆಯಿತು, ಅದೇ ವರ್ಷ ಅವನು ಇಪ್ಪತ್ತೂವರೆ ಸ್ಯಾಕ್ ಮಾಡಿದನು. ಅವನು ಓಟವನ್ನೂ ಚೆನ್ನಾಗಿಯೇ ತಡೆಯುತ್ತಿದ್ದನೆಂಬುದು ನಿಜ. ಆದರೆ ಅವನಿಗೆ ಅಷ್ಟು ಹಣ ತಂದದ್ದು ಅದಲ್ಲ.

ಇಲ್ಲಿಗೆ ಮುಗಿಯಿತೆನ್ನುವಾಗ ಕಥೆ ತಿರುಗುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಸ್ವಾರಸ್ಯವಿರುವುದೇ ಇಲ್ಲಿ. ದೀರ್ಘ ಎಸೆತಗಳ ಹಾವಳಿಯನ್ನು ತಡೆಯಲು ರಕ್ಷಣೆಯವರು ಸೇಫ್ಟಿ ಎಂಬ ಇಬ್ಬರು ಕಾವಲುಗಾರರನ್ನು ಬಹಳ ಹಿಂದೆ ನಿಲ್ಲಿಸತೊಡಗಿದರು. ವಿಕ್ ಫ್ಯಾಂಜಿಯೊ ಎಂಬ ತರಬೇತುದಾರ ಈ ಪದ್ಧತಿಗೆ ಹೆಸರಾದವನು. ಈಗ ಬೆರಳು ಮಡಿಚಿ ಎಣಿಸಿ. ಹನ್ನೊಂದರಲ್ಲಿ ಇಬ್ಬರು ಹಿಂದೆ ಹೋದರು. ದಾಳಿಪಕ್ಷ ಮೂವರು ರಿಸೀವರುಗಳನ್ನು ಅಗಲಕ್ಕೆ ಕಳಿಸಿದರೆ ಅವರ ಬೆನ್ನಿಗೆ ಮೂವರು ಹೋದರು. ಉಳಿದವರು ಆರು. ಎದುರಿಗೆ ಐವರು ದಾಂಡಿಗರು ಮತ್ತು ಟೈಟ್ ಎಂಡ್. ಅವರ ನಡುವೆ ಐದು ಸಂದು, ತುದಿಗಳಲ್ಲಿ ಎರಡು, ಒಟ್ಟು ಏಳು. ಆರು ಜನ, ಏಳು ಸಂದು! ಒಂದು ಸಂದಿಗೆ ದಿಕ್ಕಿಲ್ಲ. ಹಿಂದಿನ ಕಾವಲುಗಾರರಲ್ಲಿ ಒಬ್ಬನನ್ನು ಮುಂದಕ್ಕೆ ಕರೆದರೆ ಲೆಕ್ಕ ಸರಿಹೋಗುತ್ತದೆ, ಆದರೆ ಹಿಂದೆ ಒಬ್ಬನೇ ಉಳಿದು ದೀರ್ಘ ಎಸೆತಕ್ಕೆ ಬಾಗಿಲು ತೆರೆಯುತ್ತದೆ. ಇನ್ನೊಂದು ಉಪಾಯವೆಂದರೆ, ಆರರಲ್ಲಿ ಒಬ್ಬನು ಎರಡು ಸಂದುಗಳನ್ನು ಹೊರುವುದು. ಸೆಂಟರಿನ ಎದೆಗೆ ಎದೆಕೊಟ್ಟು ನಿಂತು, ಅವನನ್ನು ತೋಳುಗಳ ಉದ್ದಕ್ಕೆ ಎತ್ತಿಹಿಡಿದು, ಓಟಗಾರ ಯಾವ ಕಡೆ ತಿರುಗುವನೋ ಆ ಕಡೆಗೆ ಸೆಂಟರನ್ನು ಕಿತ್ತೆಸೆಯಬಲ್ಲವನಿಂದ ಮಾತ್ರ ಇದು ಸಾಧ್ಯ. ಎಂದರೆ ನಮ್ಮ ಹಳೆಯ ಓಟ ತಡೆಯುವ ಟ್ಯಾಕಲ್ ಎಸೆತವನ್ನೂ ತಡೆಯುತ್ತಾನೆ. ಆದರೆ ತನ್ನ ಕೈಯಿಂದಲ್ಲ, ತನ್ನ ಹಿಂದೆ ಇಪ್ಪತ್ತು ಗಜ ದೂರದಲ್ಲಿ ನಿಶ್ಚಿಂತೆಯಿಂದ ನಿಂತಿರುವ ಸೇಫ್ಟಿಯ ಕೈಯಿಂದ. ಅವನ ಬೆಲೆಯನ್ನು ಅವನು ಮಾಡಿದ ಟ್ಯಾಕಲುಗಳಿಂದ ಎಣಿಸಹೊರಟವರು ತಪ್ಪಿದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಫಿಲಡೆಲ್ಫಿಯ ಈಗಲ್ಸ್ ತಂಡಕ್ಕೆ ಈ ಪಾಠ 2022ರಲ್ಲಿ ಆಯಿತು. ಆ ವರ್ಷದ ಆಯ್ಕೆಯಲ್ಲಿ ಅವರು 13ನೆಯವನಾಗಿ ಜಾರ್ಜಿಯ ವಿಶ್ವವಿದ್ಯಾನಿಲಯದ ಜೋರ್ಡನ್ ಡೇವಿಸನನ್ನು ಆರಿಸಿಕೊಂಡರು. ತೂಕ 341 ಪೌಂಡು. ಆದರೂ 40 ಗಜವನ್ನು 4.78 ಸೆಕೆಂಡಿನಲ್ಲಿ ಓಡಿ ನೋಡಿದವರನ್ನು ಬೆರಗುಗೊಳಿಸಿದ್ದನು. ಅಕ್ಟೋಬರ್ 30ರ ಪಂದ್ಯದಲ್ಲಿ ಅವನ ಹರಡಿಗೆ ಪೆಟ್ಟಾಯಿತು. ಮುಂದಿನ ಪಂದ್ಯದಲ್ಲಿ ಹ್ಯೂಸ್ಟನ್ನಿನ ಡೇಮಿಯನ್ ಪಿಯರ್ಸ್ ಒಬ್ಬನೇ 139 ಗಜ ಓಡಿದನು. ಆದರೂ ಈಗಲ್ಸ್ ಗೆದ್ದು, ಆಡಿದ ಎಂಟೂ ಪಂದ್ಯಗಳಲ್ಲಿ ಅಜೇಯರಾಗಿ ಉಳಿದರು. ನವೆಂಬರ್ 14ರಂದು ವಾಷಿಂಗ್ಟನ್ ತಂಡ ಬಂದು 49 ಬಾರಿ ಓಡಿತು. ದೊರೆತದ್ದು 152 ಗಜ, ಸರಾಸರಿ ಮೂರಕ್ಕೆ ಸ್ವಲ್ಪ ಹೆಚ್ಚು. ಅಂಕಿಗಳನ್ನು ಮಾತ್ರ ನೋಡುವವನು ಇದೇನು ಮಹಾ ಎನ್ನಬಹುದು. ಆದರೆ 60 ನಿಮಿಷದ ಆಟದಲ್ಲಿ 40 ನಿಮಿಷಕ್ಕೂ ಹೆಚ್ಚು ಹೊತ್ತು ಚೆಂಡು ವಾಷಿಂಗ್ಟನ್ನಿನ ಕೈಯಲ್ಲಿಯೇ ಇತ್ತು. ಈಗಲ್ಸ್ ತಂಡದ ಒಳ್ಳೆಯ ದಾಳಿಗಾರರು ಬೆಂಚಿನ ಮೇಲೆ ಕುಳಿತು ನೋಡಿದರು. ಈಗಲ್ಸ್ ಚೆಂಡನ್ನು ಕೈಜಾರಿಸಿದ್ದೂ ಸೋಲಿಗೆ ಕಾರಣವೆನ್ನಬೇಕು. ಫಲಿತಾಂಶ 32-21, ವರ್ಷದ ಮೊದಲ ಸೋಲು. ಆ ವಾರ ಮುಗಿಯುವುದರೊಳಗೆ ತಂಡದವರು ಇಬ್ಬರು ಹಳೆಯ ಟ್ಯಾಕಲುಗಳನ್ನು ಕರೆತಂದರು: 34 ವರ್ಷದ ಲಿನ್ವಲ್ ಜೋಸೆಫ್, 35 ವರ್ಷದ ಎನ್‌ಡಾಮುಕಾಂಗ್ ಸೂ. ಋತು ಅರ್ಧ ಕಳೆದರೂ ಇಬ್ಬರನ್ನೂ ಯಾವ ತಂಡವೂ ಕೇಳಿರಲಿಲ್ಲ. ಬೇಡವೆನಿಸಿದ್ದ ಪದಾರ್ಥ ಮೂರು ದಿನದಲ್ಲಿ ತುರ್ತಿನ ಪದಾರ್ಥವಾಯಿತು!

ಅದೇ ತಂಡಕ್ಕೆ 2024ರಲ್ಲಿ ಫ್ಯಾಂಜಿಯೊ ರಕ್ಷಣೆಯ ತರಬೇತುದಾರನಾಗಿ ಬಂದನು. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು ಅವರು 40-22ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದರು. ಹಿಂದಿನವರನ್ನು ಕ್ವಾರ್ಟರ್‌ಬ್ಯಾಕಿನ ಮೇಲೆ ನುಗ್ಗಿಸುವ ಬ್ಲಿಟ್ಜ್ ಎಂಬ ತಂತ್ರವನ್ನು ಅಂದು ಒಮ್ಮೆಯೂ ಬಳಸಲಿಲ್ಲ. ಮುಂದಿನ ನಾಲ್ವರೇ ಆರು ಸ್ಯಾಕ್ ಮಾಡಿದರು, ಏಳು ಜನ ಹಿಂದೆಯೇ ಕಾದರು. ಅವರಲ್ಲಿ ಎರಡು ಸ್ಯಾಕ್ ಮಾಡಿದ ಮಿಲ್ಟನ್ ವಿಲಿಯಮ್ಸ್ ಎಂಬ ಟ್ಯಾಕಲ್ ಮುಂದಿನ ತಿಂಗಳೇ ನಾಲ್ಕು ವರ್ಷಕ್ಕೆ 10 ಕೋಟಿ 40 ಲಕ್ಷ ಡಾಲರಿಗೆ ನ್ಯೂ ಇಂಗ್ಲೆಂಡ್ ತಂಡವನ್ನು ಸೇರಿದನು. ಮಾರುಕಟ್ಟೆ ಇನ್ನೂ ಸ್ಯಾಕನ್ನೇ ಎಣಿಸುತ್ತಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಓಟ ತಡೆಯುವವನ ಪರವಾಗಿ ವಾದಿಸುವಾಗ ಒಂದು ಮಾತನ್ನು ಮುಚ್ಚಿಡಬಾರದು. ಅಷ್ಟು ತೂಕದ ದೇಹ ಎಲ್ಲ ಡೌನುಗಳಲ್ಲಿಯೂ ಆಡಲಾರದು. ಎಸೆತ ಖಚಿತವೆನಿಸುವ ಮೂರನೆಯ ಡೌನಿನಲ್ಲಿ ಅವನನ್ನು ಹೊರಗೆ ಕರೆಯುವುದೇ ಹೆಚ್ಚು. ಎಸೆಯುವವನನ್ನೂ ಬೆನ್ನಟ್ಟಬಲ್ಲ ದೈತ್ಯರು ಬೆರಳೆಣಿಕೆಯಷ್ಟು. ನ್ಯೂಯಾರ್ಕ್ ಜೈಂಟ್ಸ್ ತಂಡದಲ್ಲಿದ್ದಾಗ 2024ರಲ್ಲಿ 12 ಪಂದ್ಯಗಳಿಗೆ ಒಂಬತ್ತು ಸ್ಯಾಕ್ ಮಾಡಿದ ಡೆಕ್ಸ್‌ಟರ್ ಲಾರೆನ್ಸ್ ಅಂಥವನು. ಉಳಿದವರಿಗೆ ಸಂಬಳ ಕೊಡುವಾಗ ಅರ್ಧ ಆಟದ ಆಟಗಾರನಿಗೆ ಎಷ್ಟು ಎಂಬ ಚೌಕಾಶಿ ನ್ಯಾಯವಾದುದೇ. 2024ರಲ್ಲಿ ಸೇಕ್ವಾನ್ ಬಾರ್ಕ್ಲಿ 2005 ಗಜ, ಡೆರಿಕ್ ಹೆನ್ರಿ 1921 ಗಜ ಓಡಿದ ಮೇಲೆ ಆ ಚೌಕಾಶಿಯಲ್ಲಿ ಟ್ಯಾಕಲಿನ ದನಿ ತುಸು ಏರಿರಬೇಕು.

ವಾಚಕರಿಗೆ ಎಂದಾದರೂ ಈ ಆಟವನ್ನು ನೋಡುವ ಸಂದರ್ಭ ಬಂದರೆ, ಮೊದಲ ಡೌನಿನಲ್ಲಿ ಚೆಂಡನ್ನು ಬಿಟ್ಟು ಸೆಂಟರಿನ ಎದುರಿಗಿರುವವನನ್ನು ನೋಡಿರಿ. ಮೊದಲು ಅವನ ಮೇಲೆ ಎಷ್ಟು ಜನ ಬಿದ್ದರು, ಆಮೇಲೆ ಅವರಲ್ಲಿ ಯಾರಾದರೂ ಬಿಡಿಸಿಕೊಂಡು ಲೈನ್‌ಬ್ಯಾಕರನ ಬಳಿಗೆ ಹೋದನೋ, ಕೊನೆಗೆ ಹಿಂದಿನ ಇಬ್ಬರು ಸೇಫ್ಟಿಗಳು ನಿಂತಲ್ಲೇ ನಿಂತರೋ ಅಥವಾ ಮುಂದಕ್ಕೆ ಓಡಿಬಂದರೋ ಎಂಬುದನ್ನು ಗಮನಿಸಿರಿ. ಚೆಂಡು ಎಲ್ಲಿಗೆ ಹೋಯಿತೆಂಬುದನ್ನು ಪಕ್ಕದವರು ಹೇಳಿಯೇ ಹೇಳುತ್ತಾರೆ.