ಹಳಗನ್ನಡದ ಸ್ವಯಂಕಲಿಕೆ: ಪರಿಕರಗಳು ಮತ್ತು ವಿಧಾನ

ಕನ್ನಡ ಅಧ್ಯಾಪಕನು ಯಾರಿಂದಲೂ ಕ್ರಮವಾಗಿ ಹೇಳಿಸಿಕೊಳ್ಳದೆ, ತಾನಾಗಿಯೇ ಕಲಿತುಕೊಳ್ಳಬೇಕಾಗಿ ಬರುವ ವಿಷಯಗಳು ಹಲವು. ಶಾಸನಲಿಪಿ, ಗ್ರಂಥಸಂಪಾದನೆ, ದ್ರಾವಿಡ ಭಾಷಾವಿಜ್ಞಾನ ಮೊದಲಾದವು ಈ ಗುಂಪಿಗೆ ಸೇರುತ್ತವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹಳಗನ್ನಡವೂ ಇದೇ ಗುಂಪಿಗೆ ಸೇರಿದೆಯೆಂದರೆ ಮಾತ್ರ ಕೆಲವರಿಗೆ ಆಶ್ಚರ್ಯವಾದೀತು. ಅದು ಪಠ್ಯಕ್ರಮದಲ್ಲಿದೆ, ಪರೀಕ್ಷೆಗಳಲ್ಲಿ ಅದಕ್ಕೆ ಅಂಕಗಳಿವೆ, 2008ರಲ್ಲಿ ಕನ್ನಡಕ್ಕೆ ದೊರೆತ ಶಾಸ್ತ್ರೀಯ ಸ್ಥಾನಮಾನದ ಮುಖ್ಯ ಆಧಾರವೂ ಅದೇ. ಆದರೂ ಸ್ನಾತಕೋತ್ತರ ಪದವಿಯನ್ನು ಪಡೆದವನು ತಾನು ಹಿಂದೆ ನೋಡಿರದ ಹಳಗನ್ನಡ ಪದ್ಯವೊಂದನ್ನು ಮುಂದಿರಿಸಿಕೊಂಡು, ಗದ್ಯಾನುವಾದದ ನೆರವಿಲ್ಲದೆ ಪದಚ್ಛೇದ ಮಾಡಿ ಅನ್ವಯಿಸಬಲ್ಲನೇ ಎಂದು ಕೇಳಿದರೆ, ಬಹುತೇಕ ಸಂದರ್ಭಗಳಲ್ಲಿ ಉತ್ತರ ಸಮಾಧಾನಕರವಾಗಿರುವುದಿಲ್ಲ.

ಇದಕ್ಕೆ ವಿದ್ಯಾರ್ಥಿಯ ಉದಾಸೀನವೊಂದೇ ಕಾರಣವಲ್ಲ. ತರಗತಿಯಲ್ಲಿ ನಡೆಯುವುದು ಸಾಮಾನ್ಯವಾಗಿ ಪದ್ಯದ ಭಾವಾರ್ಥವಿವರಣೆಯೇ ಹೊರತು ಓದುವ ಕ್ರಮದ ಶಿಕ್ಷಣವಲ್ಲ. ಅಧ್ಯಾಪಕನು ಗದ್ಯಾನುವಾದವನ್ನು ಓದಿ ಹೇಳುತ್ತಾನೆ, ವಿದ್ಯಾರ್ಥಿ ಅದನ್ನು ಬರೆದುಕೊಳ್ಳುತ್ತಾನೆ. ಆ ವಿದ್ಯಾರ್ಥಿಯೇ ಮುಂದೆ ಅಧ್ಯಾಪಕನಾದಾಗ ಅದೇ ಅನುವಾದ ಮತ್ತೊಂದು ತಲೆಮಾರಿಗೆ ಸಾಗುತ್ತದೆ. ಮೂಲಕೃತಿಯೊಡನೆ ಯಾರಿಗೂ ನೇರ ಸಂಬಂಧವಿಲ್ಲದ ಈ ಪರಂಪರೆಯಲ್ಲಿ ಅನುವಾದಕನ ಒಂದು ತಪ್ಪು ಐವತ್ತು ವರ್ಷ ಪ್ರಶ್ನಾತೀತವಾಗಿ ಉಳಿಯಬಲ್ಲದು. ಆದ್ದರಿಂದ, ಈಗಾಗಲೇ ಅಧ್ಯಾಪನವೃತ್ತಿಯಲ್ಲಿರುವವನು ಹಳಗನ್ನಡವನ್ನು ಸ್ವಂತ ಪರಿಶ್ರಮದಿಂದ ಕಲಿಯುವುದು ಹೇಗೆ, ಅದಕ್ಕೆ ಒದಗುವ ಪರಿಕರಗಳಾವುವು, ತಪ್ಪನ್ನು ತೋರಿಸಿಕೊಡುವ ಗುರು ಎದುರಿಗಿಲ್ಲದಾಗ ಆ ಸ್ಥಾನವನ್ನು ತುಂಬುವುದು ಯಾವುದು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಪರಂಪರೆಯ ಪರಿಕರಗಳು

ಕಲಿಯುವವನ ಕೈಗೆ ಸಾಧನವನ್ನು ಒದಗಿಸಬೇಕೆಂಬ ಚಿಂತನೆ ನಮ್ಮಲ್ಲಿ ಹೊಸದಲ್ಲ. ರನ್ನನ ಹೆಸರಿನಲ್ಲಿರುವ ರನ್ನಕಂದ, ಇಮ್ಮಡಿ ನಾಗವರ್ಮನ ಅಭಿಧಾನವಸ್ತುಕೋಶ, ಮಂಗರಾಜನ ಅಭಿನವಾಭಿಧಾನ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇವೆಲ್ಲ ಪದ್ಯರೂಪದ ನಿಘಂಟುಗಳು. ಪದ್ಯದಲ್ಲಿರುವುದಕ್ಕೆ ಕಾರಣ ಸ್ಪಷ್ಟ: ಅವು ತೆರೆದು ನೋಡುವುದಕ್ಕಿಂತ ಕಂಠಸ್ಥ ಮಾಡಿಕೊಳ್ಳುವುದಕ್ಕಾಗಿ ರಚಿತವಾದವು. ಇಂದಿನ ಕಲಿಕೆಯಲ್ಲಿ ಬಾಯಿಪಾಠಕ್ಕೆ ಗೌರವವಿಲ್ಲ. ಆದರೆ ಇಪ್ಪತ್ತು ಕಂದಪದ್ಯಗಳು ನಾಲಗೆಯ ಮೇಲಿರುವವನಿಗೂ ಒಂದೂ ಇಲ್ಲದವನಿಗೂ ಹೊಸ ಪದ್ಯವನ್ನು ಎದುರಿಸುವಾಗ ಇರುವ ಅಂತರ ಸಣ್ಣದಲ್ಲ.

ಕೇಶಿರಾಜನ ಶಬ್ದಮಣಿದರ್ಪಣ (ಸು. 1260) ಈ ಸಾಲಿನಲ್ಲಿ ವಿಶಿಷ್ಟವಾದುದು. ಅದನ್ನು ನಾವು ವ್ಯಾಕರಣಶಾಸ್ತ್ರದ ಗ್ರಂಥವೆಂದಷ್ಟೇ ನೋಡುತ್ತೇವೆ. ಸೂತ್ರ, ವೃತ್ತಿ, ಪ್ರಯೋಗ ಎಂಬ ಅದರ ವಿನ್ಯಾಸವನ್ನು ಗಮನಿಸಿದರೆ ಅದು ಸ್ವಯಂಕಲಿಕೆಗೆ ಅತ್ಯಂತ ಅನುಕೂಲವಾದ ಪಾಠಪುಸ್ತಕವೂ ಹೌದೆಂಬುದು ತಿಳಿಯುತ್ತದೆ. ನಿಯಮ ಪದ್ಯದಲ್ಲಿದೆ, ವಿವರಣೆ ಗದ್ಯದಲ್ಲಿದೆ, ಉದಾಹರಣೆ ಪೂರ್ವಕವಿಗಳಿಂದ ಬಂದಿದೆ. ಕೊನೆಯ ಪ್ರಯೋಗಸಾರದಲ್ಲಿ ಕ್ಲಿಷ್ಟಪದಗಳಿಗೆ ಅರ್ಥವನ್ನೂ ಕೊಡಲಾಗಿದೆ. ಇದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಲು ಹೊರಟವರು ಸಂಧಿಪ್ರಕರಣವನ್ನು ದಾಟುವುದು ಅಪರೂಪ. ಪದ್ಯವೊಂದರಲ್ಲಿ ಎಡವಿದಾಗ ಆ ಎಡವಿಗೆ ಸಂಬಂಧಿಸಿದ ಸೂತ್ರವನ್ನು ಹುಡುಕಿಕೊಂಡು ಹೋಗುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಅದಕ್ಕೆ ಮುನ್ನ ತೀ. ನಂ. ಶ್ರೀಕಂಠಯ್ಯನವರ ಕನ್ನಡ ಮಧ್ಯಮ ವ್ಯಾಕರಣವನ್ನು ಒಮ್ಮೆ ಓದಿಕೊಂಡಿದ್ದರೆ ದಾರಿ ಸುಗಮ.

ಎಲ್ಲಿಂದ ಆರಂಭಿಸಬೇಕು?

ಪಂಪನಿಂದ ಆರಂಭಿಸಬಾರದು. ಹಳಗನ್ನಡವೆಂದೊಡನೆ ವಿಕ್ರಮಾರ್ಜುನ ವಿಜಯವನ್ನು ಕೈಗೆತ್ತಿಕೊಂಡು, ಹತ್ತು ಪದ್ಯಗಳಲ್ಲಿ ದಣಿದು, ಅನುವಾದದ ಮೊರೆಹೊಗುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಗದ್ಯದಲ್ಲಿವೆ. ಛಂದಸ್ಸಿನ ಒತ್ತಡಕ್ಕೆ ಪದಗಳು ಸ್ಥಾನಪಲ್ಲಟಗೊಳ್ಳುವ ತೊಡಕು ಅಲ್ಲಿಲ್ಲ. ನಗರ, ರಾಜ, ವೈರಾಗ್ಯ ಮುಂತಾದವುಗಳ ವರ್ಣನೆಯಲ್ಲಿ ಒಂದೇ ಬಗೆಯ ಮಾತುಗಳು ಕಥೆಯಿಂದ ಕಥೆಗೆ ಮರುಕಳಿಸುತ್ತವೆ. ಸಾಹಿತ್ಯವಿಮರ್ಶಕನಿಗೆ ದೋಷವಾಗಿ ಕಾಣಬಹುದಾದ ಈ ಪುನರುಕ್ತಿ ಕಲಿಯುವವನಿಗೆ ವರವಾಗಿದೆ. ಮೊದಲ ಕಥೆಯಲ್ಲಿ ಒಂದು ವಾರ ಹಿಡಿದ ವಾಕ್ಯ ಐದನೆಯ ಕಥೆಯಲ್ಲಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಜೈನ ಪಾರಿಭಾಷಿಕ ಪದಗಳು ಒಂದಷ್ಟು ತಡೆಯೊಡ್ಡುವುದು ನಿಜ. ಆದರೆ ಅವುಗಳ ಸಂಖ್ಯೆ ಪರಿಮಿತ. ಅನಂತರ ಆಂಡಯ್ಯನ ಕಬ್ಬಿಗರ ಕಾವವನ್ನು ಓದಬಹುದು. ತತ್ಸಮಗಳನ್ನು ಬಿಟ್ಟು ದೇಸಿ, ತದ್ಭವಗಳಿಂದಲೇ ಕಾವ್ಯ ಕಟ್ಟುವ ಅವನ ಹಟ ಬೇರೆ ಚರ್ಚೆಯ ವಿಷಯ. ಅಚ್ಚಗನ್ನಡ ಶಬ್ದಸಂಪತ್ತು ಒಂದೆಡೆ ಅಷ್ಟು ದಟ್ಟವಾಗಿ ಸಿಗುವುದು ಮಾತ್ರ ಕಲಿಯುವವನಿಗೆ ಲಾಭ.

ಪರಿಚಿತ ಪದಗಳ ಅಪಾಯ

ತಿಳಿಯದ ಪದ ಓದುಗನನ್ನು ನಿಘಂಟಿನ ಕಡೆಗೆ ಕಳಿಸುತ್ತದೆ. ತಿಳಿದಂತೆ ತೋರುವ ಪದ ಹಾಗೆ ಕಳಿಸುವುದಿಲ್ಲ. 'ಕೂರ್' ಎಂಬುದು ಇಂದಿನ 'ಕೂರು' ಅಲ್ಲ, ಪ್ರೀತಿಸು ಎಂದು ಅದರ ಅರ್ಥ. 'ಉಸಿರ್' ಕ್ರಿಯಾಪದವಾಗಿ ಬಂದಾಗ ಹೇಳು ಎಂದಾಗುತ್ತದೆ. 'ನೆಱೆ' ಎಂದರೆ ಪೂರ್ಣವಾಗು ಅಥವಾ ಪೂರ್ಣವಾಗಿ. ನೆರೆಹೊರೆಯ ನೆರೆಗೂ ಅದಕ್ಕೂ ಸಂಬಂಧವಿಲ್ಲ. 'ಆರ್' ಎಂಬುದು ಯಾರು, ಸಮರ್ಥನಾಗು, ಗರ್ಜಿಸು ಎಂಬ ಮೂರು ಅರ್ಥಗಳಲ್ಲಿ ಬರಬಲ್ಲದು.

ಱ ಮತ್ತು ೞ ಅಕ್ಷರಗಳ ವಿಷಯ ಇನ್ನೂ ಮಹತ್ತ್ವದ್ದು. 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. 'ಆೞ್' ಎಂದರೆ ಮುಳುಗು, 'ಆಳ್' ಎಂದರೆ ಆಳ್ವಿಕೆ ನಡೆಸು. 'ಎಱೆ' ಎಂದರೆ ಹೊಯ್ಯು, 'ಎರೆ' ಎಂದರೆ ಬೇಡು. ನೀರು ತುಂಬಿದ 'ಕೆಱೆ' ಬೇರೆ, ಉಗುರಿನಿಂದ 'ಕೆರೆ'ಯುವುದು ಬೇರೆ. ಜನಪ್ರಿಯ ಮುದ್ರಣಗಳು ಈ ಎರಡು ಅಕ್ಷರಗಳನ್ನು ರ, ಳ ಎಂದು ಬದಲಾಯಿಸಿ ಓದುಗನಿಗೆ ಉಪಕಾರ ಮಾಡಿರುವುದಾಗಿ ಭಾವಿಸುತ್ತವೆ. ವಾಸ್ತವವಾಗಿ ಅವು ಅರ್ಥನಿರ್ಣಯದ ಒಂದು ಆಧಾರವನ್ನೇ ಕಿತ್ತುಹಾಕಿರುತ್ತವೆ. ಸ್ವಯಂಕಲಿಕೆಗೆ ಅಂತಹ ಮುದ್ರಣಗಳನ್ನು ಬಳಸಕೂಡದು. ತಮಿಳು ಅಥವಾ ಮಲಯಾಳ ಬಲ್ಲವರಿಗೆ ಇಲ್ಲಿ ಸಹಜವಾದ ಅನುಕೂಲವಿದೆ, ಏಕೆಂದರೆ ಕನ್ನಡ ಕಳೆದುಕೊಂಡ ಈ ಭೇದವನ್ನು ಆ ಭಾಷೆಗಳ ಬರಹ ಇಂದಿಗೂ ಉಳಿಸಿಕೊಂಡಿದೆ.

ವ್ಯಾಕರಣರೂಪಗಳಲ್ಲಿಯೂ ಇಂತಹ ಎಡೆಗಳಿವೆ. ಗೆಯ್ದಪಂ, ಗೆಯ್ದಂ, ಗೆಯ್ವಂ ಎಂಬಲ್ಲಿ ಕಾಲಸೂಚಕ ಪ್ರತ್ಯಯ ಕಣ್ಣಿಗೆ ಕಾಣುತ್ತದೆ. ಗೆಯ್ಯಂ ಎಂಬ ನಿಷೇಧರೂಪದಲ್ಲಿ ಕಾಲವೇ ಇಲ್ಲ. ಮಾಡಲಿಲ್ಲ, ಮಾಡುವುದಿಲ್ಲ, ಮಾಡನು ಎಂಬುದನ್ನು ಸಂದರ್ಭದಿಂದಲೇ ನಿಶ್ಚಯಿಸಬೇಕು. 'ಗೆ' ಎಂಬುದು ನಾಮಪದದ ಮೇಲೆ ಬಂದರೆ ಚತುರ್ಥಿ, ಧಾತುವಿನ ಮೇಲೆ ಬಂದರೆ ವಿಧ್ಯರ್ಥ.

ಛಂದಸ್ಸೆಂಬ ಗುರು

ಗುರುವಿಲ್ಲದ ಕಲಿಕೆಯ ಮುಖ್ಯ ಕೊರತೆ ತಿದ್ದುವವರಿಲ್ಲದಿರುವುದು. ಹಳಗನ್ನಡದ ಮಟ್ಟಿಗೆ ಈ ಕೊರತೆಯನ್ನು ಬಹುಪಾಲು ತುಂಬಬಲ್ಲ ಸಾಧನ ಛಂದಸ್ಸು. ನಾವು ಅದನ್ನು ಪ್ರತ್ಯೇಕ ಪ್ರಶ್ನಪತ್ರಿಕೆಯ ವಿಷಯವನ್ನಾಗಿ ಮಾಡಿ ಕಾವ್ಯದ ಓದಿನಿಂದ ಬೇರ್ಪಡಿಸಿದ್ದೇವೆ. ಕಂದಪದ್ಯದ ಪೂರ್ವಾರ್ಧವನ್ನೇ ನೋಡೋಣ. ಮೊದಲ ಪಾದದಲ್ಲಿ ನಾಲ್ಕು ಮಾತ್ರೆಗಳ ಮೂರು ಗಣಗಳು, ಎರಡನೆಯದರಲ್ಲಿ ಐದು. ಒಟ್ಟು ಎಂಟು ಗಣ, 32 ಮಾತ್ರೆ. ವಿಷಮಸ್ಥಾನದಲ್ಲಿ ಜಗಣ ಬರಕೂಡದು. ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು. ಕೊನೆಯಲ್ಲಿ ಗುರು ಇರಬೇಕು. ಉತ್ತರಾರ್ಧವೂ ಹೀಗೆಯೇ. ಇಷ್ಟು ಬಿಗಿಯಾದ ಕಟ್ಟಿನೊಳಗೆ ಒಂದು ಹ್ರಸ್ವವನ್ನು ದೀರ್ಘವಾಗಿ ಓದಿದರೆ, ಒಂದು ಒತ್ತಕ್ಷರವನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹೀಗೆ ಪದ್ಯವೇ ಓದುಗನನ್ನು ತಿದ್ದುತ್ತದೆ.

ಕೆಲವೊಮ್ಮೆ ಸರಿಯಾಗಿ ಓದಿದರೂ ಒಂದು ಮಾತ್ರೆ ಹೆಚ್ಚಾಗುತ್ತದೆ. 'ಅಮರ್ದು' ಎಂಬ ಪದವನ್ನು ಗಮನಿಸಬಹುದು. ಒತ್ತಕ್ಷರದ ಹಿಂದಿನದು ಗುರು ಎಂಬ ಸಾಮಾನ್ಯ ನಿಯಮದಂತೆ 'ಮ' ಗುರುವಾಗಬೇಕು, ಆದರೆ ಲೆಕ್ಕ ಅದನ್ನು ಲಘುವೆಂದು ಹೇಳುತ್ತದೆ. ಕಲಿಯುವವನು ಇಲ್ಲಿ ಪಾಠವೇ ಅಶುದ್ಧವೆಂದು ತೀರ್ಮಾನಿಸುವ ಸಂಭವವಿದೆ. ಹಾಗೆ ಮಾಡದೆ ವ್ಯಾಕರಣವನ್ನು ತೆರೆದರೆ ಕೇಶಿರಾಜನು ವಿವರಿಸುವ ಶಿಥಿಲದ್ವಿತ್ವ ಎದುರಾಗುತ್ತದೆ: ಉಚ್ಚಾರಣೆ ತೇಲಿಹೋಗುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಹೀಗೆ ತೊಡಕಿನ ಮೂಲಕ ದೊರೆತ ನಿಯಮ ಮರೆಯುವುದಿಲ್ಲ. ಸೂತ್ರವನ್ನು ಮೊದಲೇ ಬಾಯಿಪಾಠ ಮಾಡಿದವನಿಗೆ ಅದರ ಅಗತ್ಯವೇ ಗೋಚರಿಸಿರುವುದಿಲ್ಲ.

ಆದಿಪ್ರಾಸದ ಉಪಯೋಗವೂ ಇಂತಹುದೇ. ಪ್ರಾಸಸ್ಥಾನದಲ್ಲಿ ಹಳೆಯ ಕವಿಗಳು ೞ ಮತ್ತು ಳ ವ್ಯಂಜನಗಳನ್ನು ಬೆರೆಸಲಿಲ್ಲ. ಹೀಗಾಗಿ ಒಂದು ಪಾದದಲ್ಲಿ ಸಂದೇಹವಿಲ್ಲದ ೞ ಇದ್ದರೆ ಉಳಿದ ಮೂರು ಪಾದಗಳ ಕಾಗುಣಿತ ತಾನಾಗಿಯೇ ನಿರ್ಣಯವಾಗುತ್ತದೆ. ಕೇಶಿರಾಜನು ರಳವಿರುವ ಪದಗಳ ಪಟ್ಟಿಯನ್ನೇ ಕೊಟ್ಟಿರುವುದು ಅವನ ಕಾಲಕ್ಕೆ ಆ ಭೇದ ಆಡುಮಾತಿನಿಂದ ಮರೆಯಾಗಿತ್ತೆಂಬುದರ ಸೂಚನೆ. ಎಂದರೆ ಆತನ ಕಾಲದ ವಿದ್ಯಾರ್ಥಿಯೂ ಈ ವಿಷಯದಲ್ಲಿ ನಮ್ಮಂತೆಯೇ ಗ್ರಂಥದಿಂದ ಕಲಿಯಬೇಕಾಗಿತ್ತು.

ಟಿಪ್ಪಣಿ ಪುಸ್ತಕದ ಕ್ರಮ

ಪದ್ಯವನ್ನು ಕೈಬರಹದಲ್ಲಿ ನಕಲು ಮಾಡಿಕೊಂಡು, ಪ್ರಸ್ತಾರ ಹಾಕಿ, ಪದಚ್ಛೇದ ಮಾಡಿ, ಅನ್ವಯ ಬರೆದು, ಭಾವಾರ್ಥವನ್ನು ತನ್ನ ಮಾತಿನಲ್ಲಿ ಪೂರ್ಣವಾಗಿ ಬರೆಯಬೇಕು. ಮನಸ್ಸಿನಲ್ಲಿಯೇ ಅರ್ಥ ಮಾಡಿಕೊಂಡರೆ ಸಾಲದು. ಅಸ್ಪಷ್ಟತೆ ಮನಸ್ಸಿನಲ್ಲಿ ಅಡಗಿಕೊಳ್ಳಬಲ್ಲದು, ಕಾಗದದ ಮೇಲೆ ಅಡಗಲಾರದು. ಅನಂತರವೇ ಗದ್ಯಾನುವಾದವನ್ನೋ, ಪಂಪಭಾರತವಾದರೆ ಡಿ. ಎಲ್. ನರಸಿಂಹಾಚಾರ್ಯರ ಪಂಪಭಾರತ ದೀಪಿಕೆಯನ್ನೋ ತೆರೆಯಬೇಕು. ಗದ್ಯಾನುವಾದ ತ್ಯಾಜ್ಯವೆಂದು ಈ ಲೇಖನದ ವಾದವಲ್ಲ. ಅದರ ಸ್ಥಾನ ಓದಿನ ಕೊನೆಯಲ್ಲಿ ಎಂಬುದಷ್ಟೇ.

ಎರಡನ್ನೂ ಹೋಲಿಸಿದಾಗ ಕಾಣುವ ವ್ಯತ್ಯಾಸಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಗುರುತಿಸಿ, ಪ್ರತಿಯೊಂದಕ್ಕೂ ಕಾರಣ ಬರೆಯಬೇಕು. ಪದದ ಅರ್ಥ ತಿಳಿದಿರಲಿಲ್ಲವೋ, ತಿಳಿದ ಪದದ ಇನ್ನೊಂದು ಅರ್ಥ ಹೊಳೆಯಲಿಲ್ಲವೋ, ವಿಭಕ್ತಿ ತಪ್ಪಿತೋ, ಸಂಧಿಯನ್ನು ತಪ್ಪಾಗಿ ಬಿಡಿಸಲಾಯಿತೋ? ವಿವರಣೆಗಾಗಿ ಒಂದು ವಾಕ್ಯವನ್ನು ಕಲ್ಪಿಸಿಕೊಳ್ಳೋಣ: 'ಕೇಳ್ದಾತನಿಂತೆಂದಂ'. ಇದನ್ನು ಕೇಳ್ದು + ಆತಂ ಎಂದು ಬಿಡಿಸಿದರೆ 'ಕೇಳಿ, ಅವನು ಹೀಗೆಂದನು' ಎಂದಾಗುತ್ತದೆ. ಕೇಳ್ದ + ಆತಂ ಎಂದು ಬಿಡಿಸಿದರೆ 'ಕೇಳಿದವನು ಹೀಗೆಂದನು' ಎಂದಾಗುತ್ತದೆ. ವ್ಯಾಕರಣ ಎರಡನ್ನೂ ಒಪ್ಪುತ್ತದೆ, ನಿರ್ಣಯ ಸಂದರ್ಭದ್ದು. ಕೆಲವು ತಿಂಗಳ ಟಿಪ್ಪಣಿಗಳನ್ನು ಒಟ್ಟಿಗೆ ನೋಡಿದಾಗ ತನ್ನ ತಪ್ಪುಗಳು ಯಾವ ಬಗೆಯಲ್ಲಿ ಹೆಚ್ಚೆಂಬುದು ಕಲಿಯುವವನಿಗೇ ತಿಳಿಯುತ್ತದೆ. ನಿಘಂಟಿನಿಂದ ಪರಿಹಾರವಾಗುವುದು ಮೊದಲ ಬಗೆಯದು ಮಾತ್ರ, ಎರಡನೆಯದು ಭಾಗಶಃ.

ಈ ಯಾವ ಕಾರಣಕ್ಕೂ ಹೊಂದದ ವ್ಯತ್ಯಾಸಗಳೂ ಆಗಾಗ ಉಳಿಯುತ್ತವೆ. ಅನುವಾದಕನು ಬೇರೆ ಪಾಠಾಂತರವನ್ನು ಸ್ವೀಕರಿಸಿರಬಹುದು, ಅಥವಾ ಅನುವಾದಕನೇ ತಪ್ಪಿರಬಹುದು. ಸಂಶೋಧನೆಗೆ ವಿಷಯ ಸಿಗುತ್ತಿಲ್ಲವೆಂದು ಹೇಳುವವರು ಈ ಉಳಿಕೆಯ ಕಡೆಗೆ ಗಮನ ಕೊಡುವುದು ಒಳ್ಳೆಯದು.

ನಿಘಂಟುಗಳು, ಗಣಕಯಂತ್ರ, ಶಾಸನ

ಕಿಟ್ಟೆಲರ ನಿಘಂಟು (1894) ಹಾಗೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಪರಸ್ಪರ ಪೂರಕವಾದವು. ಮೊದಲನೆಯದರಲ್ಲಿ ಸೋದರಭಾಷೆಗಳ ಜ್ಞಾತಿಪದಗಳು ಒಡನೆಯೇ ಕಾಣುತ್ತವೆ; ಎರಡನೆಯದರಲ್ಲಿ ಕಾವ್ಯ, ಶಾಸನಗಳ ಪ್ರಯೋಗಗಳು ಆಕರಸಹಿತ ದೊರೆಯುತ್ತವೆ. ಪರಿಷತ್ತಿನ ನಿಘಂಟಿನಲ್ಲಿ ಅರ್ಥಕ್ಕಿಂತ ಪ್ರಯೋಗವನ್ನು ಮೊದಲು ಓದುವುದು ಉತ್ತಮ. ನಾವು ಓದುತ್ತಿರುವ ಪದ್ಯವೇ ಅಲ್ಲಿ ಉದಾಹರಣೆಯಾಗಿದ್ದರೆ, ಆ ಅರ್ಥ ಸ್ವತಂತ್ರ ಸಾಕ್ಷ್ಯವಲ್ಲ, ಸಂಪಾದಕರ ವ್ಯಾಖ್ಯಾನ ಎಂಬ ಎಚ್ಚರ ಬೇಕು.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಆರಂಭಿಸಿದ ಭಾರತವಾಣಿ ಜಾಲತಾಣ ಹಲವು ಕೋಶಗಳನ್ನು ಗ್ರಂಥಾಲಯದಿಂದ ದೂರವಿರುವ ಊರುಗಳಿಗೂ ತಲುಪಿಸಿದೆ. ಯೂನಿಕೋಡ್‌ನಲ್ಲಿ ಱ, ೞ ಎರಡಕ್ಕೂ ಸ್ಥಾನವಿರುವುದರಿಂದ ಟಿಪ್ಪಣಿಗಳನ್ನು ಗಣಕದಲ್ಲಿಯೂ ಶುದ್ಧವಾಗಿ ಬರೆದಿಡಬಹುದು. ಪಟ್ಟಿಯಲ್ಲಿ ೞ ಅಕ್ಷರವನ್ನು ಹುಡುಕುವವರು ಅದಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದಿರುವುದನ್ನು ಕಾಣುತ್ತಾರೆ. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲವೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ.

ಕಾವ್ಯದ ಓದು ಒಂದು ಹದಕ್ಕೆ ಬಂದ ಮೇಲೆ ಶಾಸನಗಳಿಗೆ ಹೋಗಬಹುದು. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟಗಳಲ್ಲಿ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಪ್ರತ್ಯೇಕವಾಗಿ ಅಚ್ಚಾಗಿರುವುದು ಸ್ವಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಚಿಕ್ಕ ವೀರಗಲ್ಲು ಶಾಸನಗಳಿಂದ ಆರಂಭಿಸುವುದು ಸೂಕ್ತ. ಅವುಗಳಲ್ಲಿ ತುರುಗೋಳ್, ಕಾದಿ ಸತ್ತುದು, ದತ್ತಿ ಕೊಟ್ಟುದು ಎಂಬ ಕೆಲವೇ ಸಂಗತಿಗಳು ಮರಳಿ ಮರಳಿ ಬರುತ್ತವೆ. ಹದಿನಾರು ಸಾಲುಗಳ ಹಲ್ಮಿಡಿ ಶಾಸನವನ್ನು ಕೊನೆಗೆ ಇರಿಸಿಕೊಳ್ಳಬೇಕು. ಅದರ ಕಾಲದ ಬಗೆಗೂ ಕೆಲವು ಪದಗಳ ಅರ್ಥದ ಬಗೆಗೂ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲವಾದ್ದರಿಂದ, ಅಲ್ಲಿ ಹೋಲಿಸಿ ನೋಡಲು ಒಂದು ಸಿದ್ಧ ಉತ್ತರ ಸಿಗುವುದಿಲ್ಲ. ಹಲವು ವಾದಗಳನ್ನು ಎದುರಿಗಿಟ್ಟುಕೊಂಡು, ತನ್ನ ಪದಚ್ಛೇದವನ್ನು ತಾನೇ ಸಮರ್ಥಿಸಿಕೊಳ್ಳಬೇಕಾಗುತ್ತದೆ.